ಗರಗವೆಂದು ನಂಬಿ ನೆಟ್ಟ ಹಳದಿ ಹೂವಿನ ಬಳ್ಳಿ: ನೆಲಕ್ಕಿಳಿಸುವ ಮುನ್ನ ಇದನ್ನು ಓದಿ

ಮನೆಯ ಮುಂದಿನ ಅಂಗೈಯಗಲ ಮಣ್ಣಿಗೆ ನೆಲಹೊದಿಕೆ ಗಿಡವನ್ನು ಹುಡುಕುತ್ತಿರುವವರು, ಅದರಲ್ಲಿಯೂ ನೀರು ಬೇಡ, ಗೊಬ್ಬರ ಬೇಡ, ವರ್ಷವಿಡೀ ಹಳದಿ ಹೂ ಬಿಡುತ್ತದೆ ಎಂಬ ಮಾತಿಗೆ ಮನಸೋತು ವೆಡೇಲಿಯಾ ಬಳ್ಳಿಯನ್ನು ತರಲು ಹೊರಟಿರುವವರು, ದಯವಿಟ್ಟು ಒಂದು ದಿನ ತಡೆದು ಈ ಬರಹವನ್ನು ಓದಬೇಕೆಂದು ಕೋರುತ್ತೇನೆ. ಆ ಮಾತಿನಲ್ಲಿ ಸುಳ್ಳೇನೂ ಇಲ್ಲ. ಅದು ಅಕ್ಷರಶಃ ನಿಜವಾಗಿದ್ದರಿಂದಲೇ ನಾನು ನಾಲ್ಕು ವರ್ಷ ಕಷ್ಟಪಡಬೇಕಾಯಿತು.

ನಮ್ಮ ಮನೆ ಬೆಂಗಳೂರಿನ ಕೆಂಗೇರಿ ಉಪನಗರದ ಸಮೀಪದಲ್ಲಿದೆ. ಕಾಂಪೌಂಡಿನ ಒಳಗೆ ನಾಲ್ಕಡಿ ಅಗಲದ ಮಣ್ಣಿನ ಪಟ್ಟಿಯೊಂದನ್ನು ಸಿಮೆಂಟು ಹಾಕದೆ ಉಳಿಸಿಕೊಂಡಿದ್ದೇವೆ. ಅಲ್ಲಿ ಅಮ್ಮ ಒಂದೆಲಗ, ದೊಡ್ಡಪತ್ರೆ ಮತ್ತು ಗಣೇಶನ ಹಬ್ಬಕ್ಕೆ ಬೇಕಾಗುವ ಗರಿಕೆಯನ್ನು ಬೆಳೆಸಿಕೊಂಡಿದ್ದರು. 2021ರ ಜೂನ್ ತಿಂಗಳಲ್ಲಿ, ತಲೆಗೆ ಹಚ್ಚುವ ಎಣ್ಣೆ ಕಾಯಿಸುವುದಕ್ಕೆ ಗರಗದ ಸೊಪ್ಪು ಮನೆಯಲ್ಲಿಯೇ ಇರಲಿ ಎಂದು ಅವರು ಹೇಳಿದ್ದರಿಂದ ನಾನು ನರ್ಸರಿಯೊಂದಕ್ಕೆ ಹೋದೆ. ಬಿಳಿ ಹೂವಿನ ಗರಗ ಅಲ್ಲಿರಲಿಲ್ಲ. ಅಂಗಡಿಯಾತ ಪಾಲಿಥಿನ್ ಚೀಲದಲ್ಲಿದ್ದ ಆರು ಸಸಿಗಳನ್ನು ಮುಂದಿಟ್ಟು, ಇದು ಹಳದಿ ಗರಗ, ಎಣ್ಣೆಗೂ ಆಗುತ್ತದೆ, ನೋಡುವುದಕ್ಕೂ ಚೆನ್ನಾಗಿರುತ್ತದೆ ಎಂದ. ಆರೈಕೆ ಹೇಗೆಂದು ಕೇಳಿದ್ದಕ್ಕೆ ನಕ್ಕು, "ಇದನ್ನ ಸಾಯಿಸೋಕೆ ನಿಮ್ಮ ಕೈಲಿ ಆಗಲ್ಲ ಸಾರ್" ಎಂದ. ಅದನ್ನು ನಾನು ಹೊಗಳಿಕೆಯೆಂದು ತಿಳಿದೆ.

ಮೊದಲ ವರ್ಷ ಅದು ನಮಗೆ ಸಂತೋಷವನ್ನೇ ಕೊಟ್ಟಿತೆಂದು ಒಪ್ಪಿಕೊಳ್ಳಬೇಕು. ಹೊಳೆಯುವ ಹಸಿರೆಲೆಗಳ ಮೇಲೆ ಸೂರ್ಯಕಾಂತಿಯ ಮರಿಗಳಂತಹ ಹೂಗಳು ದಿನವೂ ಅರಳುತ್ತಿದ್ದವು. ಜೇನುನೊಣಗಳೂ ಚಿಟ್ಟೆಗಳೂ ಬರುತ್ತಿದ್ದವು. ದಾರಿಹೋಕರು ನಿಂತು ಒಂದೊಂದು ಕಡ್ಡಿ ಕೇಳಿ ಒಯ್ಯುತ್ತಿದ್ದರು. ಎಷ್ಟು ಮನೆಗಳಿಗೆ ನನ್ನ ಕೈಯಿಂದಲೇ ಈ ಬಳ್ಳಿ ಹೋಯಿತೋ ಲೆಕ್ಕವಿಲ್ಲ.

ತಪ್ಪು ಗೊತ್ತಾದದ್ದು ಎಣ್ಣೆಯಿಂದ. ಅಮ್ಮ ಎರಡು ಹಿಡಿ ಎಲೆಯನ್ನು ಅರೆದು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ಸೋಸಿಟ್ಟಿದ್ದರು. ಆ ವಾರ ಮನೆಗೆ ಬಂದಿದ್ದ ಪರಿಚಿತ ಆಯುರ್ವೇದ ವೈದ್ಯೆಯೊಬ್ಬರು ಪಾತಿಯನ್ನು ನೋಡಿ, "ಇದು ಗರಗ ಅಲ್ಲಮ್ಮ, ರಸ್ತೆ ಮಧ್ಯದ ಡಿವೈಡರುಗಳಲ್ಲಿ ನೆಡುವ ಬಳ್ಳಿ" ಎಂದರು. ಅಮ್ಮನ ತಲೆಗೆ ಏನೂ ಆಗಲಿಲ್ಲ, ಎಣ್ಣೆಯನ್ನು ಮಾತ್ರ ಚೆಲ್ಲಿದೆವು. ಆದರೂ ಔಷಧಿಯೆಂದು ನಂಬಿ ಬೇರೊಂದು ಗಿಡವನ್ನು ಬಳಸಿದೆವಲ್ಲ ಎಂಬ ಅಳುಕು ಅವರಿಗೆ ಬಹಳ ದಿನ ಇತ್ತು.

ಈ ಗೊಂದಲ ಸುಲಭವಾಗಿ ಆಗುವಂಥದ್ದು. ನಮ್ಮ ಹಿರಿಯರು ಕಾಡಿಗೆ ಮಾಡಲು ಬಳಸುತ್ತಿದ್ದ ಗರಗಕ್ಕೆ ಬಿಳಿಯ ಪುಟ್ಟ ಹೂ. ಅದರ ದೂರದ ಬಂಧುವಾದ ಹಳದಿ ಹೂವಿನ ಗರಗವೂ ಉಂಟು, ಅದಕ್ಕೂ ಔಷಧೀಯ ಬಳಕೆಯಿದೆ. ಅದರ ಎಲೆ ಸಪೂರವಾಗಿ, ತುಸು ಒರಟಾಗಿ, ಭರ್ಜಿಯ ತುದಿಯಂತೆ ನೀಳವಾಗಿರುತ್ತದೆ. ನನಗೆ ಕೊಟ್ಟ ವೆಡೇಲಿಯಾದ ಎಲೆಯಾದರೋ ದಪ್ಪ, ನುಣುಪು, ಮತ್ತು ನಡುಭಾಗದ ಎರಡೂ ಪಕ್ಕದಲ್ಲಿ ಒಂದೊಂದು ಮೂಲೆ ಹೊರಚಾಚಿ ಮೂರು ಹಾಲೆಗಳಾಗಿ ಕಾಣುತ್ತದೆ. ಸ್ಫ್ಯಾಗ್ನೆಟಿಕೋಲ ಟ್ರೈಲೊಬೇಟ ಎಂಬ ಅದರ ಶಾಸ್ತ್ರೀಯ ಹೆಸರಿನ ಎರಡನೆಯ ಪದಕ್ಕೆ ಮೂರು ಹಾಲೆಯದು ಎಂದೇ ಅರ್ಥ. ಹೂವಿಗಿಂತ ಎಲೆಯನ್ನು ನೋಡಿ ಗುರುತಿಸುವುದು ಸುರಕ್ಷಿತ. ಕೆಲವರು ಇದನ್ನು ಸಿಂಗಪುರ ಡೈಸಿ ಎನ್ನುತ್ತಾರೆ. ಆದರೆ ಇದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು ಮತ್ತು ದಕ್ಷಿಣ ಅಮೆರಿಕದ ಉಷ್ಣ ಪ್ರದೇಶ. ಚೆಂದಕ್ಕೆಂದು ಬೇರೆ ನಾಡುಗಳಿಗೆ ಹೋದ ಈ ಬಳ್ಳಿ ಅಲ್ಲೆಲ್ಲ ತೋಟದ ಬೇಲಿ ದಾಟಿದೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ ಸಂಸ್ಥೆಯ ತಜ್ಞರ ಗುಂಪು 2000ದಲ್ಲಿ ಪ್ರಕಟಿಸಿದ, ಜಗತ್ತಿನ ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ನೂರರ ಪಟ್ಟಿಯಲ್ಲಿ ಇದೂ ಇದೆ. ಇದನ್ನು ಕೊಳ್ಳುವ ಮೊದಲು ಓದಿದ್ದರೆ ಎಂದು ಈಗಲೂ ಅನಿಸುತ್ತದೆ.

2022ರಲ್ಲಿ ಬೆಂಗಳೂರಿಗೆ ಎಂದೂ ಇಲ್ಲದಷ್ಟು ಮಳೆ ಬಂದದ್ದು ನಿಮಗೆಲ್ಲ ನೆನಪಿರಬಹುದು. ಆ ಮಳೆಗಾಲದಲ್ಲಿ ಬಳ್ಳಿ ಮೊದಲು ಒಂದೆಲಗದ ಪಾತಿಯನ್ನು ಮುಚ್ಚಿತು, ಬಳಿಕ ಗರಿಕೆಯನ್ನು. ಇದರ ಕಾಂಡದ ಪ್ರತಿಯೊಂದು ಗೆಣ್ಣೂ ನೆಲ ತಾಕಿದಲ್ಲಿ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಹೆಣೆದುಕೊಂಡ ಬಳ್ಳಿಯ ಕೆಳಗೆ ಬಿಸಿಲೇ ತಲುಪದ ಕಾರಣ ಉಳಿದವು ಸೊರಗುತ್ತವೆ. ಅಷ್ಟೇ ಅಲ್ಲದೆ ಇದರ ಎಲೆಯ ಸಾರವು ಇತರ ಬೀಜಗಳ ಮೊಳಕೆಯನ್ನು ಕುಂಠಿತಗೊಳಿಸುತ್ತದೆಂದು ಪ್ರಯೋಗಗಳು ತೋರಿಸಿವೆ. ಆ ವರ್ಷ ಹಬ್ಬಕ್ಕೆ ಅಮ್ಮ ಗರಿಕೆಯನ್ನು ಮಾರುಕಟ್ಟೆಯಿಂದ ತರಿಸಿದರು. ತರಿಸುವಾಗ ನನ್ನನ್ನು ಒಂದು ಸಲ ನೋಡಿದರೇ ಹೊರತು ಏನೂ ಹೇಳಲಿಲ್ಲ.

ಇಲ್ಲಿಂದ ಮುಂದಿನ ತಪ್ಪುಗಳಿಗೆ ನರ್ಸರಿಯವರನ್ನು ದೂರುವಂತಿಲ್ಲ, ಅವು ಪೂರ್ತಿ ನನ್ನವು. ಮಣ್ಣು ಮೆತ್ತಗಿದೆಯೆಂದು ಮಳೆಯ ನಡುವೆಯೇ, ಅಕ್ಟೋಬರಿನಲ್ಲಿ, ಬಳ್ಳಿಯನ್ನು ಕಿತ್ತೆ. ಕೀಳುವುದೇನೋ ಸುಲಭವಾಯಿತು. ಆದರೆ ತುಂಡಾಗಿ ಮಣ್ಣಿನಲ್ಲಿ ಉಳಿದ ಬೆರಳುದ್ದದ ಚೂರುಗಳೆಲ್ಲ ಅದೇ ತೇವದಲ್ಲಿ ಹದಿನೈದು ದಿನಕ್ಕೆ ಚಿಗುರಿದವು. ಕಿತ್ತದ್ದರಲ್ಲಿ ಒಂದು ಪಾಲನ್ನು ಕಾಂಪೋಸ್ಟ್ ಡ್ರಮ್ಮಿಗೆ ತುಂಬಿದೆ. ನಮ್ಮಂತಹ ಮನೆಯ ಡ್ರಮ್ಮು ಗೆಣ್ಣುಗಳನ್ನು ಕೊಲ್ಲುವಷ್ಟು ಬಿಸಿಯಾಗುವುದಿಲ್ಲವೆಂಬುದು, ಆ ಗೊಬ್ಬರವನ್ನು ಒಯ್ದ ರಾಜರಾಜೇಶ್ವರಿನಗರದ ಸ್ನೇಹಿತೆಯ ಗುಲಾಬಿ ಕುಂಡದಲ್ಲಿ ಮೂರು ಹಾಲೆಯ ಎಲೆ ಕಾಣಿಸಿದಾಗ ತಿಳಿಯಿತು. ಉಳಿದ ದೊಡ್ಡ ಪಾಲನ್ನು, ಹೇಳಲು ನಾಚಿಕೆಯಾಗುತ್ತದೆ, ಪಕ್ಕದ ಖಾಲಿ ಸೈಟಿಗೆ ಎಸೆದೆ. ಆ ಸೈಟಿನ ಹಿಂಬದಿಗೆ ರಾಜಕಾಲುವೆ ಇದೆ. ಅದರ ನೀರು ವೃಷಭಾವತಿ ನದಿಗೆ ಸೇರುತ್ತದೆ. ಮರುವರ್ಷದ ಹೊತ್ತಿಗೆ ಸೈಟಿನ ಅರ್ಧಭಾಗ ಹಳದಿಯಾಗಿತ್ತು ಮತ್ತು ಬಳ್ಳಿ ಕಾಲುವೆಯ ಕಲ್ಲುಕಟ್ಟಡದ ಮೇಲಿನಿಂದ ಕೆಳಕ್ಕೆ ಜೋತುಬಿದ್ದಿತ್ತು. ಅಲ್ಲಿ ಮೇಯಲು ಬರುವ ದನಗಳು ಅದನ್ನು ಮೂಸಿ ನೋಡಿ ಮುಂದೆ ಹೋಗುತ್ತಿದ್ದವು.

2024ರ ಬೇಸಿಗೆಯಲ್ಲಿ ನನಗೊಂದು ಸುಳ್ಳು ಭರವಸೆ ಹುಟ್ಟಿತು. ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡವೆಂದು ಮಾರ್ಚಿನಲ್ಲಿ ಜಲಮಂಡಳಿ ಆದೇಶಿಸಿತ್ತು. ಪಾತ್ರೆ ತೊಳೆದ ನೀರು ದೊಡ್ಡಪತ್ರೆಗೂ ಸಾಲದೆ ಅದು ಒಣಗಿತು. ವೆಡೇಲಿಯಾದ ಎಲೆಗಳೂ ಸುರುಟಿ ಕಂದಾದವು. ಅಂತೂ ಮುಗಿಯಿತು ಎಂದುಕೊಂಡೆ. ಮೇ ತಿಂಗಳ ಮೊದಲ ಒಳ್ಳೆಯ ಮಳೆ ಬಿದ್ದು ವಾರ ಕಳೆಯುವುದರೊಳಗೆ ಅದೇ ಕಂದು ಕಡ್ಡಿಗಳ ಗೆಣ್ಣುಗಳಲ್ಲಿ ಹಸಿರು ಒಡೆಯಿತು. ದೊಡ್ಡಪತ್ರೆ ಮರಳಲಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಬಿಸಿಲೇ. 2025ರ ಫೆಬ್ರವರಿಯಲ್ಲಿ ನೆಲ ಒಣಗಿದ ಮೇಲೆ, ಮೊದಲು ಕುಡುಗೋಲಿನಿಂದ ಮೇಲಿನ ಬಳ್ಳಿಯನ್ನು ಕೊಯ್ದು ಚಾಪೆಯಂತೆ ಸುರುಳಿ ಸುತ್ತಿ ತೆಗೆದೆ. ಆಮೇಲೆ ಒಂದು ಗೇಣು ಆಳಕ್ಕೆ ಗುದ್ದಲಿಯಿಂದ ಅಗೆದು, ಮಣ್ಣನ್ನು ಮರಳು ಸೋಸುವ ಜರಡಿಯಲ್ಲಿ ಹಾಯಿಸಿ ಬೇರು, ಗೆಣ್ಣುಗಳನ್ನು ಕೈಯಿಂದ ಆರಿಸಿದೆ. ನಾಲ್ಕಡಿ ಅಗಲದ ಆ ಪಟ್ಟಿಯಿಂದ ಹನ್ನೊಂದು ಗೋಣಿಚೀಲ ತುಂಬಿತು. ಎಲ್ಲವನ್ನೂ ತಾರಸಿಯ ಬರಿ ಕಾಂಕ್ರೀಟಿನ ಮೇಲೆ ಹರವಿ, ಮುರಿದರೆ ಪಟ್ಟೆಂದು ಸದ್ದು ಬರುವ ತನಕ, ಅಂದರೆ ಸುಮಾರು ಮೂರು ವಾರ, ಒಣಗಿಸಿದ ನಂತರವೇ ಕಸದ ಗಾಡಿಗೆ ಕೊಟ್ಟೆ. ಖಾಲಿಯಾದ ನೆಲಕ್ಕೆ ಕಪ್ಪು ಟಾರ್ಪಾಲನ್ನು ಎರಡು ಪದರ ಹೊದಿಸಿ, ಅಂಚುಗಳಿಗೆ ಇಟ್ಟಿಗೆ ಹೇರಿ, ಮೂರು ತಿಂಗಳು ಬಿಟ್ಟೆ. ಕಳೆನಾಶಕ ಹೊಡೆಯಿರೆಂದು ಸಲಹೆ ಕೊಟ್ಟವರಿದ್ದಾರೆ. ಅಮ್ಮ ಸೊಪ್ಪು ಕೊಯ್ಯುವ ಮಣ್ಣಿಗೆ ಅದನ್ನು ಹಾಕಲು ನನಗೆ ಮನಸ್ಸಾಗಲಿಲ್ಲ, ಮೇಲಾಗಿ ಈ ಬಳ್ಳಿಗೆ ಒಂದು ಸಲದ ಸಿಂಪಡಣೆ ಸಾಲುವುದೂ ಇಲ್ಲ. ಟಾರ್ಪಾಲು ತೆಗೆದ ಮೇಲೂ ಅಂಚಿನಲ್ಲಿ ಒಂದೆರಡು ಚಿಗುರು ಬಂದವು. ಪ್ರತಿ ಭಾನುವಾರ ಬೆಳಿಗ್ಗೆ ಕುರ್ಪಿ ಹಿಡಿದು ಅಲ್ಲಿ ಕುಕ್ಕರಗಾಲಲ್ಲಿ ಕೂರುವುದು ಈಗ ನನ್ನ ವ್ರತವಾಗಿದೆ.

ಇಷ್ಟಾದರೂ ಬೇಕೇ ಬೇಕು ಎನ್ನುವವರಿದ್ದರೆ, ಮೇಲಿನ ಮಹಡಿಯಲ್ಲಿ ಸಿಮೆಂಟಿನ ಮೇಲಿಟ್ಟ ಕುಂಡದಲ್ಲಿ ಬೆಳೆಸಿ, ಜೋತುಬೀಳುವ ತುದಿಗಳನ್ನು ಕತ್ತರಿಸಿ, ಕತ್ತರಿಸಿದ್ದನ್ನು ಒಣಗಿಸಿಯೇ ಬಿಸಾಡಿ. ಹೆದ್ದಾರಿಯ ಇಳಿಜಾರುಗಳಲ್ಲಿ ಇದು ಮಣ್ಣನ್ನು ಹಿಡಿದಿಡುತ್ತದೆಂಬುದು ದಿಟ. ನಮ್ಮ ಕಾಂಪೌಂಡಿನೊಳಗೆ ಅಂತಹ ಇಳಿಜಾರುಗಳಿಲ್ಲ. ಹಳದಿ ಹೂವೇ ಬೇಕು, ಆರೈಕೆಯೂ ಬೇಡ ಎನ್ನುವವರಿಗೆ ಜಾಗವಿದ್ದರೆ ನಮ್ಮ ಬಯಲುಸೀಮೆಯ ತಂಗಡಿ ಇದೆ. ಅದು ಬೇಸಿಗೆಗೆ ಬಗ್ಗುವುದಿಲ್ಲ, ನೆಲದ ಮೇಲೆ ಹರಿಯುವುದೂ ಇಲ್ಲ. ಗರಗ ಬೇಕಾದವರು ಅದನ್ನು ಬಲ್ಲವರ ಮನೆಯಿಂದಲೇ ತನ್ನಿ. ಅಮ್ಮನಿಗೆ ಅದು ಕಡೆಗೆ ಸಿಕ್ಕಿದ್ದು ಮಾಗಡಿ ಕಡೆಯ ನಮ್ಮ ಚಿಕ್ಕಮ್ಮನ ಊರಿನ ಗದ್ದೆಯ ಬದುವಿನಲ್ಲಿ.

ಕಳೆದ ತಿಂಗಳು ಪಕ್ಕದ ಸೈಟಿನ ಮಾಲೀಕರು ಪಾಯ ತೋಡಿಸಲು ಆರಂಭಿಸಿದರು. ಜೆಸಿಬಿ ಎತ್ತಿದ ಮೇಲ್ಮಣ್ಣಿನೊಂದಿಗೆ ಬಳ್ಳಿಯೂ ಟಿಪ್ಪರಿಗೆ ಬಿತ್ತು. ನಾನು ಓಡಿಹೋಗಿ, ಆ ಮಣ್ಣನ್ನು ಎಲ್ಲಿಗೆ ಒಯ್ಯುತ್ತೀರೆಂದು ಚಾಲಕನನ್ನು ಕೇಳಿದೆ. ಮೈಸೂರು ರಸ್ತೆಯ ಆಚೆ ಯಾರೋ ತಗ್ಗು ತುಂಬಿಸಿಕೊಳ್ಳುತ್ತಿದ್ದಾರೆ, ಒಳ್ಳೆಯ ಮಣ್ಣು ಬೇಕಂತೆ ಎಂದ. ಅದರಲ್ಲಿರುವ ಬಳ್ಳಿಯ ವಿಷಯವನ್ನು ವಿವರಿಸಲು ಹೊರಟೆ. ಅವನು ಹಿಂದೆ ತಿರುಗಿ ನೋಡಿ, "ಹೂವು ಚೆನ್ನಾಗೈತಲ್ಲ ಸಾರ್" ಎಂದು ಗಾಡಿ ಎಬ್ಬಿಸಿದ.