ಚರ್ಚಿನ ಅಂಗಳ ಅಗೆಸುವ ಮುಂಚೆ ಒಮ್ಮೆ ಓದಿ

ಈಸ್ಟರ್ ಮುಗಿಸಿ, ಮಳೆ ಹಿಡಿಯುವುದರೊಳಗೆ ಅಂಗಳದ ಕೆಲಸ ಮಾಡಿಸಿಬಿಡೋಣ ಅಂತ ನಿಮ್ಮ ಚರ್ಚಿನ ಪಾಲನಾ ಮಂಡಳಿಯಲ್ಲೂ ಮಾತು ನಡೆಯುತ್ತಿದೆಯಾ? ಹಾಗಿದ್ದರೆ ಕೊಟೇಶನ್‌ಗೆ ಸಹಿ ಹಾಕುವ ಮೊದಲು ಇದನ್ನು ಓದಿ. ಕರಾವಳಿಯ ನಮ್ಮ ಚರ್ಚಿನಲ್ಲಿ ಆದದ್ದನ್ನೇ ಬರೆಯುತ್ತಿದ್ದೇನೆ. ಚರ್ಚಿನ ಹೆಸರು, ಕಂಟ್ರಾಕ್ಟರ್ ಹೆಸರು ಹಾಕುವುದಿಲ್ಲ. ಅವರ ಮೇಲೆ ಸೇಡು ತೀರಿಸಿ ನನಗೆ ಆಗಬೇಕಾದ್ದು ಏನೂ ಇಲ್ಲ. ಆದರೆ ಹೋದದ್ದು ಊರವರ ಹಣ, ಬಿದ್ದವರೂ ಊರವರೇ.

ಅಂಗಳ ಹಾಳಾಗಿತ್ತು ಎನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಗೇಟಿನಿಂದ ದೊಡ್ಡ ಬಾಗಿಲವರೆಗೆ ಹಳೇ ಕಾಲದ ಕಪ್ಪು ಕಲ್ಲಿನ ಚಪ್ಪಡಿ. ಜನ ನಡೆದು ನಡೆದು ನಡುವೆ ತಗ್ಗಾಗಿ, ನುಣ್ಣಗಾಗಿ, ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತಿತ್ತು. ಎರಡೂ ಬದಿಗೆ ಇಂಟರ್‌ಲಾಕ್, ಅಂದರೆ ಒಂದಕ್ಕೊಂದು ಕೂಡುವ ಕಾಂಕ್ರೀಟ್ ಬ್ಲಾಕ್. ಶಾಮಿಯಾನದ ಲಾರಿ ತಿರುಗುವ ಜಾಗದಲ್ಲಿ ಅದು ಕುಸಿದು, ಒಂದು ಬ್ಲಾಕ್ ಮೇಲೆ, ಒಂದು ಕೆಳಗೆ. ವಯಸ್ಸಾದವರು ಕಣ್ಣು ನೆಲಕ್ಕೆ ಇಟ್ಟೇ ನಡೆಯಬೇಕಿತ್ತು. ಎಲ್ಲಾ ತೆಗೆದು 80 ಮಿ.ಮೀ. ದಪ್ಪದ ಹೊಸ ಇಂಟರ್‌ಲಾಕ್ ಹಾಕುವುದು ಅಂತ ತೀರ್ಮಾನ ಆಯಿತು. ಲಾರಿ, ಬಸ್ಸು ಬರುವ ಅಂಗಳಕ್ಕೆ ಆ ದಪ್ಪ ಬೇಕೇ ಬೇಕು. 60 ಮಿ.ಮೀ. ಇರುವುದು ಜನ ನಡೆಯುವ, ಕಾರು ನಿಲ್ಲಿಸುವ ಜಾಗಕ್ಕೆ. ಅಲ್ಲಿಯವರೆಗೆ ಎಲ್ಲಾ ಸರಿ.

ಕೊಟೇಶನ್ ಬಂತು. ಚದರ ಅಡಿಗೆ ಇಷ್ಟು, ಜೆಸಿಬಿ ಗಂಟೆಗೆ ಇಷ್ಟು, ಜಲ್ಲಿ, ಎಂ-ಸ್ಯಾಂಡ್, ಲೋಡಿಂಗ್, ಅನ್‌ಲೋಡಿಂಗ್. ಚರ್ಚ್ ಪೂರ್ತಿ ತೆರೆದೇ ಇರುತ್ತದೆ, ದಿನಾ ಬೆಳಿಗ್ಗೆ ಪೂಜೆ ಇದೆ, ಜನ ಎಲ್ಲಿಂದ ಒಳಗೆ ಬರಬೇಕು ಎನ್ನುವ ಬಗ್ಗೆ ಒಂದು ಸಾಲೂ ಇಲ್ಲ. ಫಾದರ್ ಕೇಳಿದ್ದಕ್ಕೆ ಕಂಟ್ರಾಕ್ಟರ್, "ಪೂಜೆಗೆ ಎಂತದ್ದೂ ತೊಂದರೆ ಇಲ್ಲ ಫಾದರ್, ನಾವು ಅಡ್ಜಸ್ಟ್ ಮಾಡ್ತೇವೆ" ಅಂದರು. ಈ ಅಡ್ಜಸ್ಟ್ ಮಾಡುವುದಕ್ಕೆ ಹಲಗೆ ಬೇಕು, ಕಂಬಿ ಬೇಕು, ಎರಡು ಆಳು ಬೇಕು, ಶನಿವಾರ ಅರ್ಧ ದಿನ ಕೆಲಸ ನಿಲ್ಲಿಸಬೇಕು. ಅಷ್ಟಕ್ಕೂ ದುಡ್ಡು ಬೇಕು. ಆ ದುಡ್ಡು ಕೊಟೇಶನ್‌ನಲ್ಲಿ ಎಲ್ಲೂ ಇರಲಿಲ್ಲ. ಇಲ್ಲದ ದುಡ್ಡಿನ ಕೆಲಸ ಯಾರು ಮಾಡುತ್ತಾರೆ ಹೇಳಿ. ಮುಂದೆ ಆದದ್ದರಲ್ಲಿ ಮುಕ್ಕಾಲು ಭಾಗ ಇದೇ ಒಂದು ಕಾರಣಕ್ಕೆ ಆದದ್ದು.

ಸೋಮವಾರ ಜೆಸಿಬಿ ಬಂತು. ಮಂಗಳವಾರ ಸಂಜೆ ಹೊತ್ತಿಗೆ ಅಂಗಳ ಪೂರ್ತಿ ಎದ್ದಿತ್ತು. "ಅರ್ಧ ಬಿಡಿ ಮಾರಾಯ್ರೆ, ಶನಿವಾರ ಮದುವೆ ಉಂಟು" ಅಂತ ನಾನೇ ಹೋಗಿ ಹೇಳಿದೆ. "ಪೊರ್ಬುಗಳೇ, ಜೆಸಿಬಿ ಮತ್ತೆ ಮತ್ತೆ ತರಿಸ್ಲಿಕ್ಕೆ ಆಗ್ತದಾ? ಒಂದೇ ಸಲ ತೆಗೆದುಬಿಡುವ" ಅಂದರು. ಅವರ ಲೆಕ್ಕದಲ್ಲಿ ಅದು ಸರಿಯೇ. ಗಾಡಿ ಬಂದು ಹೋಗುವ ಬಾಡಿಗೆ ಪ್ರತಿ ಸಲ ಬೀಳುತ್ತದೆ. ಒಂದೇ ಸಲ ಅಗೆದರೆ ಅವರಿಗೆ ಉಳಿತಾಯ, ತುಂಡು ತುಂಡಾಗಿ ಅಗೆದರೆ ಚರ್ಚಿಗೆ ಅನುಕೂಲ. ಯಾರ ಅನುಕೂಲ ನಡೆಯಬೇಕು ಎನ್ನುವುದನ್ನು ಗಾಡಿ ಗೇಟಿನೊಳಗೆ ಬಂದ ಮೇಲೆ ಚರ್ಚೆ ಮಾಡಿದರೆ ಅವರೇ ಗೆಲ್ಲುತ್ತಾರೆ.

ಅಗೆದು ಹಾಕಿದ ಮೇಲೆ ಕೆಲಸದವರು ಕಾಣೆ. ಮೇ ತಿಂಗಳು ಅಂದರೆ ನಮ್ಮ ಕಡೆ ಎಲ್ಲರಿಗೂ ಅವಸರ. ಮಾಡಿನ ಹಂಚು, ಕಾಂಪೌಂಡ್, ಮನೆ ಅಂಗಳ, ಎಲ್ಲಾ ಜೂನ್ ಮೊದಲ ವಾರದೊಳಗೆ ಮುಗಿಯಬೇಕು. ಕಂಟ್ರಾಕ್ಟರ್ ಕೈಯಲ್ಲಿ ಮೂರ್ನಾಲ್ಕು ಕೆಲಸ, ಜನ ಒಂದೇ ಸೆಟ್. ಎಲ್ಲಿ ಮುಂಗಡ ಇನ್ನೂ ಸಿಕ್ಕಿಲ್ಲವೋ ಅಲ್ಲಿಗೆ ಆ ಸೆಟ್ ಹೋಗುತ್ತದೆ. ನಮ್ಮದರಲ್ಲಿ ಅರ್ಧಕ್ಕಿಂತ ಜಾಸ್ತಿ ದುಡ್ಡು ಮೊದಲೇ ಹೋಗಿತ್ತು.

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಮದುವೆ ಇರುವುದಿಲ್ಲ. ಹಾಗಾಗಿ ಈಸ್ಟರ್ ಆದ ಮೇಲೆ ಮಳೆವರೆಗೆ ಒಂದರ ಹಿಂದೆ ಒಂದು. ಮಕ್ಕಳ ಪ್ರಥಮ ಪರಮಪ್ರಸಾದವೂ ನಮ್ಮಲ್ಲಿ ಆಗಲೇ. ವರ್ಷದಲ್ಲಿ ಜನ ಜಾಸ್ತಿ ಬರುವ ಹೊತ್ತಿಗೇ ಅಂಗಳ ಗುಂಡಿ. ಶನಿವಾರದ ಮದುಮಗಳು ಉದ್ದ ಗೌನ್ ಎತ್ತಿ ಹಿಡಿದುಕೊಂಡು ಜನರೇಟರ್ ಪಕ್ಕದಿಂದ, ಶೌಚಾಲಯದ ಹಿಂದಿನಿಂದ ಸುತ್ತಿ ಪಕ್ಕದ ಬಾಗಿಲಿನಲ್ಲಿ ಒಳಗೆ ಬಂದಳು. ಫೋಟೋದವನ ಪಾಡು ಅವನಿಗೇ ಗೊತ್ತು.

ಮದುವೆಗಾದರೂ ತಾರೀಕು ಉಂಟು. ಸಾವಿಗೆ ಇಲ್ಲ. ಅದರ ಮುಂದಿನ ವಾರ ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಒಬ್ಬರು ಹಿರಿಯರು ತೀರಿಕೊಂಡರು. ಪೆಟ್ಟಿಗೆ ದೊಡ್ಡ ಬಾಗಿಲಿನಿಂದಲೇ ಒಳಗೆ ಬರಬೇಕು ಅಂತ ಮನೆಯವರ ಆಸೆ, ಅದು ನ್ಯಾಯವೇ. ಕೆಲಸದವನೊಬ್ಬ ಗುಂಡಿಗೆ ಅಡ್ಡವಾಗಿ ಎರಡು ಸೆಂಟ್ರಿಂಗ್ ಪ್ಲೈವುಡ್ ಹಾಕಿ ಹೋದ. ಸ್ಲ್ಯಾಬ್ ಹಾಕುವಾಗ ಕಾಂಕ್ರೀಟ್ ಅಂಟದಿರಲಿ ಅಂತ ಆ ಪ್ಲೈಗೆ ಎಣ್ಣೆ ಬಳಿದಿರುತ್ತಾರೆ ನೋಡಿ, ಆ ಎಣ್ಣೆ ಹಾಗೇ ಇತ್ತು. ಅಗಲ ನಾಲ್ಕು ಅಡಿ. ಪೆಟ್ಟಿಗೆಯ ಎರಡೂ ಬದಿ ಮೂರು ಮೂರು ಜನ ಹೊರಬೇಕಾದರೆ ನಾಲ್ಕು ಅಡಿ ಎಲ್ಲಿ ಸಾಕು? ಹೊರಗಿನ ಕಾಲು ಪ್ಲೈನ ಅಂಚಿನ ಮೇಲೆ. ನಡುವೆ ಬಂದಾಗ ಹಲಗೆ ಬಾಗಿತು. ಹೊತ್ತವರು ಹೇಗೋ ಉಸಿರು ಬಿಗಿ ಹಿಡಿದು ದಾಟಿದರು. ಅವರ ಹಿಂದೆಯೇ ಬರುತ್ತಿದ್ದ ಬಾಯಮ್ಮ ಒಬ್ಬರು ತುದಿಗೆ ಕಾಲಿಟ್ಟರು. ಆ ತುದಿಯ ಅಡಿಗೆ ಆಧಾರವೇ ಇರಲಿಲ್ಲ. ಈ ತುದಿ ಕೆಳಗೆ, ಆ ತುದಿ ಮೇಲೆ. ಬಾಯಮ್ಮ ಜಲ್ಲಿ ಮೇಲೆ ಕೈಯೂರಿ ಬಿದ್ದರು. ಮಣಿಕಟ್ಟು ಮುರಿಯಿತು.

ಆಸ್ಪತ್ರೆ ಖರ್ಚು ಯಾರದ್ದು? "ಆ ಹಲಗೆ ನಮ್ಮ ಕೆಲಸದಲ್ಲಿ ಬರುವುದಿಲ್ಲ" ಅಂದರು ಕಂಟ್ರಾಕ್ಟರ್. ಕಾಗದದ ಪ್ರಕಾರ ಅದು ನಿಜ ಬೇರೆ! ಅವರಿಗೆ ವಿಮೆ ಇರಲಿಲ್ಲ. ಕಂಟ್ರಾಕ್ಟರ್ಸ್ ಆಲ್ ರಿಸ್ಕ್ ಅಂತ ಪಾಲಿಸಿ ಸಿಗುತ್ತದೆ. ಕೆಲಸದ ಜಾಗದಲ್ಲಿ ಮೂರನೆಯವರಿಗೆ ಪೆಟ್ಟಾದರೆ ಅದರ ಹೊಣೆಯನ್ನೂ ಅದರಲ್ಲಿ ಸೇರಿಸಿಕೊಳ್ಳಬಹುದು. ಪಾಲಿಸಿಯ ಪ್ರತಿ ಕೈಗೆ ಬಾರದೆ ಗುದ್ದಲಿ ನೆಲಕ್ಕೆ ಬೀಳಬಾರದು. ಜನ ಬರುವ ಜಾಗದಲ್ಲಿ ಕೆಲಸ ಮಾಡಿಸುವವರಿಗೆ ಇದು ಐಷಾರಾಮ ಅಲ್ಲ.

ಇನ್ನು ಧೂಳು. ಅಂಚಿಗೆ ಕೂಡಿಸಲು ಬ್ಲಾಕ್ ಕತ್ತರಿಸಬೇಕಾಗುತ್ತದೆ. ಒಣ ಕಟ್ಟಿಂಗ್ ಮೆಷಿನ್, ಅದೂ ಬಾಗಿಲ ಎದುರಿಗೇ. ಬೆಂಚು, ಕೀಬೋರ್ಡಿನ ಮಣೆ, ಪೀಠದ ಬಟ್ಟೆ, ಎಲ್ಲದರ ಮೇಲೂ ಬಿಳಿ ಪುಡಿ. ಪ್ರಸಂಗದ ನಡುವೆ ಆ ಮೆಷಿನ್ ಕಿರುಚುವುದು ಬೇರೆ. ಇದು ಬರೀ ಗುಡಿಸುವ ತೊಂದರೆ ಅಂತ ತಿಳಿಯಬೇಡಿ. ಕಾಂಕ್ರೀಟಿನ ಪುಡಿಯಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಕತ್ತರಿಸುವ ಹುಡುಗ ಮುಖಕ್ಕೆ ಬೈರಾಸು ಸುತ್ತಿಕೊಂಡಿದ್ದ, ಅಷ್ಟೇ. ಬ್ಲೇಡಿಗೆ ನೀರು ಬಿಟ್ಟುಕೊಂಡು ಕತ್ತರಿಸಿದರೆ ಈ ತಾಪತ್ರಯದಲ್ಲಿ ಬಹುಪಾಲು ಇಲ್ಲ. ಹಿಂಭಾಗದಲ್ಲಿ ಒಂದು ಮೂಲೆ, ಒಂದು ಪೈಪು ಕೊಟ್ಟರೆ ಆಯಿತು.

ಜೆಸಿಬಿ ಇನ್ನೊಂದು ಕೆಲಸ ಮಾಡಿತ್ತು. ಸಿಡಿಲು ಬಡಿದರೆ ಅದನ್ನು ನೆಲಕ್ಕೆ ಇಳಿಸಲು ಗೋಪುರದ ಮೇಲೆ ಲೈಟ್ನಿಂಗ್ ಅರೆಸ್ಟರ್ ಇದೆಯಲ್ಲ, ಅದರ ತಾಮ್ರದ ಪಟ್ಟಿ ಗೋಡೆಯಿಂದ ಇಳಿದು ಅಂಗಳದ ಅಡಿಯಲ್ಲಿ ಅರ್ತ್ ಗುಂಡಿಗೆ ಹೋಗುತ್ತದೆ. ಅದು ತುಂಡಾಗಿತ್ತು. ಮಣ್ಣು ಮುಚ್ಚಿ ಸುಮ್ನೆ ಇದ್ದರು. ನಮ್ಮದೇ ಚರ್ಚಿನ ಎಲೆಕ್ಟ್ರಿಷಿಯನ್ ಒಬ್ಬರು ಮಣ್ಣಿನಿಂದ ಹೊರಗೆ ಚಾಚಿದ ತಾಮ್ರದ ತುದಿ ನೋಡಿ ಗುರುತು ಹಿಡಿದರು. ಮಳೆಗೆ ಮುಂಚಿನ ಏಪ್ರಿಲ್, ಮೇ ಗುಡುಗು ಸಿಡಿಲು ನಮ್ಮ ಕಡೆ ಹೇಗಿರುತ್ತದೆ ಅಂತ ಹೇಳಬೇಕಾ? ಅಗೆಯುವ ಮೊದಲು ನೀರಿನ ಪೈಪು, ಮೈಕಿನ ವಯರು, ಅರ್ತ್ ಪಟ್ಟಿ ಎಲ್ಲೆಲ್ಲಿ ಹೋಗಿದೆ ಅಂತ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆಸಿ. ಚರ್ಚ್ ನೋಡಿಕೊಳ್ಳುವ ಹಳೇ ಮಿಸ್ಸೆರ್ ಇದ್ದರೆ ಅವರನ್ನೇ ಕರೆಸಿ ಕೇಳಿ. ಯಾವ ನಕ್ಷೆಯಲ್ಲಿ ಇಲ್ಲದ್ದೂ ಅವರಿಗೆ ನೆನಪಿರುತ್ತದೆ.

ಆದರೂ ದೊಡ್ಡ ಪೆಟ್ಟು ಬಿದ್ದದ್ದು ಲೆವೆಲ್‌ನಲ್ಲಿ. ಲೆಕ್ಕ ಸುಲಭ. ಬ್ಲಾಕ್ 80 ಮಿ.ಮೀ., ಅದರ ಅಡಿಗೆ ಮರಳು 30, ಅದರ ಅಡಿಗೆ ಗಟ್ಟಿಯಾಗಿ ಕುಟ್ಟಿದ ಜಲ್ಲಿ ಕನಿಷ್ಠ 150. ಒಟ್ಟು 260 ಮಿ.ಮೀ., ಅಂದರೆ ಹತ್ತು ಇಂಚಿಗಿಂತ ಸ್ವಲ್ಪ ಜಾಸ್ತಿ. ಹಳೇ ಅಂಗಳದ ಎತ್ತರವೇ ಬೇಕಾದರೆ ಅಷ್ಟು ಆಳ ಅಗೆಯಬೇಕು. ಕೆಳಗೆ ಗಟ್ಟಿ ಮುರಕಲ್ಲು ಸಿಕ್ಕಿತು ಅಂತ ಇವರು ಒಂದು ಗೇಣೂ ಅಗೆಯಲಿಲ್ಲ. ಮಣ್ಣು ಸಾಗಿಸುವ ಟಿಪ್ಪರ್ ಟ್ರಿಪ್ಪೂ ಉಳಿಯಿತಲ್ಲ. ಪರಿಣಾಮ, ಹೊಸ ಅಂಗಳ ಮೇಲೆ ಬಂತು, ಬಾಗಿಲ ಹೊಸ್ತಿಲು ಅದಕ್ಕೆ ಸಮ ಸಮ ಆಯಿತು. ಇಳಿಜಾರು ಗೇಟಿನ ಕಡೆ ಇರಬೇಕಾದದ್ದು ಚರ್ಚಿನ ಕಡೆ ತಿರುಗಿತು. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಹೊಸ ಕೆಂಪು, ಬೂದು ಬ್ಲಾಕ್, ನೋಡಲು ಚೆಂದವೇ. ಎಲ್ಲರೂ ಫೋಟೋ ತೆಗೆದರು.

ಜೂನ್‌ನ ಮೊದಲ ಜಡಿಮಳೆಗೆ ನೀರು ನೇರ ದೊಡ್ಡ ಬಾಗಿಲಿನಿಂದ ಒಳಗೆ. ಹಿಂದಿನ ಬೆಂಚುಗಳ ಕಾಲು ನೆನೆದವು. ವರ್ಷಕ್ಕೆ 3500 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಅಂಗಳ ಅಂದರೆ ಮೊದಲು ನೀರು ಹೋಗುವ ದಾರಿ, ಆಮೇಲೆ ಜನ ನಡೆಯುವ ದಾರಿ. ಪ್ರತಿ 50 ಅಡಿಗೆ 1 ಅಡಿ ಇಳಿಜಾರು, ಕಟ್ಟಡದಿಂದ ಹೊರಗಡೆಗೆ. ಇದನ್ನು ನೋಡಲು ಇಂಜಿನಿಯರೇ ಬೇಕು ಅಂತಿಲ್ಲ. ಮೇಸ್ತ್ರಿಯ ಹತ್ತಿರ ಇರುವ ನೀರು ತುಂಬಿದ ಲೆವೆಲ್ ಪೈಪು ಸಾಕು. ಜಲ್ಲಿ ಹಾಕಿದ ಮೇಲೆ, ಬ್ಲಾಕ್ ಇಡುವ ಮೊದಲು, ಹೊಸ್ತಿಲಿನಿಂದ ಗೇಟಿನವರೆಗೆ ಹಗ್ಗ ಕಟ್ಟಿಸಿ ಎದುರಿಗೇ ಅಳೆಸಿ. ಬ್ಲಾಕ್ ಕೂತ ಮೇಲೆ ಅಳೆದು ಪ್ರಯೋಜನವಿಲ್ಲ.

ಇಷ್ಟರ ನಡುವೆ ಹಳೇ ಕಲ್ಲುಗಳು ಎಲ್ಲಿ ಹೋದವು? ಕೊಟೇಶನ್‌ನಲ್ಲಿ "ಹಳೆಯ ವೇಸ್ಟ್ ತೆಗೆದು ಸಾಗಿಸುವುದು" ಅಂತ ಒಂದು ಸಾಲಿತ್ತು. ಆ ವೇಸ್ಟ್ ಜೊತೆ ನಮ್ಮ ಕರಿಕಲ್ಲಿನ ಚಪ್ಪಡಿಗಳೂ ಟಿಪ್ಪರ್ ಹತ್ತಿದವು. ಸಾಗಿಸಿದ್ದಕ್ಕೆ ನಾವೇ ದುಡ್ಡು ಕೊಟ್ಟೆವು! ಅಷ್ಟು ದಪ್ಪದ ಕಲ್ಲು ಇವತ್ತು ಕೊಳ್ಳಲು ಹೋದರೆ ರೇಟು ಕೇಳಿಯೇ ವಾಪಸ್ ಬರಬೇಕು. ಸವೆದದ್ದು ಮೇಲಿನ ಮುಖ ಮಾತ್ರ. ಕಲ್ಲು ಕೆಲಸ ಬಲ್ಲವರು ಚಪ್ಪಡಿ ಮಗುಚಿ ಹಾಕಿ, ಜಾರದ ಹಾಗೆ ಉಳಿಯಲ್ಲಿ ಒರಟು ಮಾಡಿಕೊಡುತ್ತಾರೆ. ನಡುವಿನ ದಾರಿಗೆ ಅದೇ ಕಲ್ಲು ಸಾಕಿತ್ತು. ಅಂಗಳದ ಬದಿಯಲ್ಲಿ ಹಳೇ ಸಮಾಧಿ ಕಲ್ಲು ಇರುವ ಚರ್ಚುಗಳೂ ಇವೆ. ಅಂಥಲ್ಲಿ ಪ್ರತಿ ಕಲ್ಲಿಗೂ ಪೇಂಟಿನಲ್ಲಿ ನಂಬರ್ ಬರೆದು, ಫೋಟೋ ತೆಗೆದು, ಆಮೇಲೆ ಎಬ್ಬಿಸಿ. ಏನು ಹೊರಗೆ ಹೋಗಬೇಕು, ಏನು ಉಳಿಯಬೇಕು ಅಂತ ಕರಾರಿನಲ್ಲಿ ಬರೆಸಿ.

ಮೊಂತಿ ಹಬ್ಬ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬಕ್ಕೆ ಮುಂಚಿನ ನೊವೆನಾಕ್ಕೆ (ಒಂಬತ್ತು ದಿನದ ಪ್ರಾರ್ಥನೆ) ಮಕ್ಕಳು ಹೂವಿನ ಬುಟ್ಟಿ ಹಿಡಿದು ದಿನಾ ಅಂಗಳದಲ್ಲಿ ಸಾಲು ನಿಲ್ಲುತ್ತಾರೆ. ಹಬ್ಬದ ದಿನವಾದ ಸೆಪ್ಟೆಂಬರ್ 8ರವರೆಗೆ ಬಾಗಿಲ ಎದುರು ಒಂದು ಕಚ್ಚಾ ಚರಂಡಿ ತೋಡಿ, ಮೇಲೆ ಕಬ್ಬಿಣದ ಜಾಲರಿ ಹಾಕಿ ಸುಧಾರಿಸಿದೆವು. ಮಳೆ ನಿಂತ ಮೇಲೆ ಬೇರೆ ಮೇಸ್ತ್ರಿಯನ್ನು ಕರೆಸಿ ಬಾಗಿಲ ಮುಂದಿನ ಭಾಗ ಪೂರ್ತಿ ಎಬ್ಬಿಸಿ ಮಾಡಿಸಬೇಕಾಯಿತು. ಈ ಮೇಸ್ತ್ರಿ ಮೊದಲ ಸಲ ಬಂದದ್ದು ಭಾನುವಾರ. ಅಳತೆ ಟೇಪ್ ಕೂಡ ತೆಗೆಯಲಿಲ್ಲ. ಪೂಜೆ ಬಿಟ್ಟಾಗ ಜನ ಯಾವ ಕಡೆ ಹರಡುತ್ತಾರೆ, ವಯಸ್ಸಾದವರು ಎಲ್ಲಿ ರಿಕ್ಷಾ ಹತ್ತುತ್ತಾರೆ ಅಂತ ಗೋಡೆಗೆ ಒರಗಿ ನೋಡಿದರು. ಆಮೇಲೆ ಚರ್ಚಿನ ಕ್ಯಾಲೆಂಡರ್ ಕೇಳಿದರು. ಅಲ್ಲಿಗೇ ನನಗೆ ಧೈರ್ಯ ಬಂತು.

ಅವರು ಜಾಗವನ್ನು ಪಟ್ಟಿ ಪಟ್ಟಿಯಾಗಿ ಹಂಚಿದರು. ಒಂದು ಪಟ್ಟಿ ಮುಗಿದು, ಮರಳು ತುಂಬಿ, ಕಂಪ್ಯಾಕ್ಟರ್ ಓಡಿಸಿ, ಜನ ನಡೆಯುವ ಹಾಗೆ ಆಗದೆ ಇನ್ನೊಂದಕ್ಕೆ ಕೈ ಹಾಕಲಿಲ್ಲ. ಅಂಚಿಗೆ ಕಾಂಕ್ರೀಟ್ ಕಟ್ಟೆ ಮೊದಲು ಹಾಕಿಸಿದರು, ಇಲ್ಲದಿದ್ದರೆ ಬ್ಲಾಕ್ ನಿಧಾನಕ್ಕೆ ಹೊರಗೆ ಸರಿಯುತ್ತದೆ. ಲಾರಿ ತಿರುಗುವ ಕಡೆ ನೇರ ಸಾಲಿನ ಬದಲು ಹೆರಿಂಗ್‌ಬೋನ್ (ಮೀನಿನ ಮುಳ್ಳಿನ ಹಾಗೆ ಓರೆ ಓರೆ) ಜೋಡಣೆ, ಚಕ್ರ ತಿರುಗಿಸಿದರೂ ಅದು ಅಲ್ಲಾಡುವುದಿಲ್ಲ. ಚದರ ಅಡಿಗೆ ರೇಟು ಮೊದಲಿನವರಿಗಿಂತ ಜಾಸ್ತಿಯೇ. ಕೆಲಸದ ನಡುವೆ ಜನ ನಡೆಯಲು ದಾರಿ ಮಾಡಿಕೊಡುವ ಖರ್ಚನ್ನು ಬೇರೆ ಐಟಂ ಆಗಿ ತೋರಿಸಿದ್ದರು. ಮಂಡಳಿಯಲ್ಲಿ ಕೆಲವರು ಅದಕ್ಕೂ ಗೊಣಗಿದರು ಅನ್ನಿ.

ನಿಮ್ಮ ಕರಾರಿಗೆ ಬೇಕಾದರೆ ಈ ಸಾಲುಗಳನ್ನು ಹಾಗೇ ಎತ್ತಿಕೊಳ್ಳಿ: "ಒಂದು ಸಲಕ್ಕೆ ಅಂಗಳದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆರೆಯಬಾರದು. ಗೇಟಿನಿಂದ ಬಾಗಿಲವರೆಗೆ 6 ಅಡಿ ಅಗಲದ, ಅಲುಗಾಡದ, ಎರಡೂ ಬದಿ ಕಂಬಿ ಇರುವ ದಾರಿ ಎಲ್ಲಾ ಹೊತ್ತೂ ಇರಬೇಕು. ಎತ್ತರ ಬದಲಾಗುವಲ್ಲಿ 1 ಅಡಿ ಏರಲು 12 ಅಡಿ ಉದ್ದದ ರ‍್ಯಾಂಪ್ ಇರಬೇಕು. ಶನಿವಾರ ಮಧ್ಯಾಹ್ನದಿಂದ ಭಾನುವಾರ ಪೂರ್ತಿ, ಹಾಗೂ ಮರಣದ ಪೂಜೆ ಇರುವ ದಿನ ಕೆಲಸ, ಮೆಷಿನ್ ಇಲ್ಲ. ಒಂದು ಭಾಗ ಮುಗಿದು ಲೆವೆಲ್ ಅಳೆದ ಮೇಲೆ ಮಾತ್ರ ಅದರ ಬಿಲ್ಲು." ಕೊನೆಯ ಹತ್ತು ಪರ್ಸೆಂಟ್ ಹಣ ಒಂದು ಮಳೆಗಾಲ ಕಳೆದ ಮೇಲೆ ಕೊಡುವುದು ಅಂತಲೂ ಸೇರಿಸಿ. ನಮ್ಮ ಮೇಸ್ತ್ರಿ ಇದಕ್ಕೆ ಎರಡು ಮಾತಾಡದೆ ಒಪ್ಪಿದರು. ಮೊದಲಿನ ಕಂಟ್ರಾಕ್ಟರ್ ಈಗಲೂ ಬಾಕಿ ಹಣ ಕೇಳಿ ಫಾದರ್‌ಗೆ ಫೋನ್ ಮಾಡುತ್ತಿದ್ದಾರೆ. ಬಾಯಮ್ಮನ ಆಸ್ಪತ್ರೆ ಬಿಲ್ಲು ಅದರಿಂದ ಕಳೆಯದೆ ಒಂದು ರೂಪಾಯಿಯೂ ಹೋಗುವುದಿಲ್ಲ ಅಂತ ಮಂಡಳಿ ಬರೆದು ಕೊಟ್ಟಿದೆ.