ಬ್ರೌನ್ ಏಲ್‌ಗೆ ಹೇಜಲ್‌ನಟ್: ಯಾವಾಗ ಹಾಕೋದು, ಹೇಗೆ ಹಾಕೋದು?

ಮನೆಯಲ್ಲಿ ಬ್ರೌನ್ ಏಲ್ (ಕಂದು ಬಣ್ಣದ ಒಂದು ಬಗೆಯ ಬಿಯರ್) ಮಾಡುವವರಿಗೆ ಒಂದಲ್ಲ ಒಂದು ಸಲ ಅದಕ್ಕೆ ನಟ್ ಹಾಕಿ ನೋಡುವ ಆಸೆ ಬಂದೇ ಬರುತ್ತದೆ. ಒರೆಗಾನ್‌ನಲ್ಲಿ ಇರುವವರಿಗಂತೂ ಆ ಆಸೆ ತಡೆಯೋದು ಕಷ್ಟ. ಅಮೆರಿಕದ ಹೇಜಲ್‌ನಟ್ ಬೆಳೆಯಲ್ಲಿ ಸುಮಾರು ಶೇ. 99 ಈ ರಾಜ್ಯದ್ದೇ, ಅದರಲ್ಲೂ ಹೆಚ್ಚಿನದು ವಿಲ್ಯಾಮೆಟ್ ಕಣಿವೆಯದ್ದು. ಶರತ್ಕಾಲದಲ್ಲಿ ರೈತರ ಸಂತೆಗೆ ಹೋದರೆ ಹೊಸ ಕಾಯಿ ರಾಶಿ ಬಿದ್ದಿರುತ್ತದೆ.

ಹಾಕೋದು ಸರಿ, ಆದರೆ ಯಾವ ಹಂತದಲ್ಲಿ? ಇದಕ್ಕೆ ಒಬ್ಬೊಬ್ಬರು ಒಂದೊಂದು ದಾರಿ ಹೇಳುತ್ತಾರೆ. ಒಂದೇ ರೆಸಿಪಿ ಇಟ್ಟುಕೊಂಡು ನಾನು ಎಲ್ಲವನ್ನೂ ಮಾಡಿ ನೋಡಿದೆ. ಹುದುಗಿದ ಬಿಯರನ್ನು ಒಂದು ಗ್ಯಾಲನ್ನಿನ ಗಾಜಿನ ಜಾಡಿಗಳಿಗೆ ಪಾಲು ಮಾಡಿ, ಒಂದೊಂದರಲ್ಲಿ ಒಂದೊಂದು ವಿಧಾನ. ಮ್ಯಾಶ್‌ಗೆ, ಅಂದರೆ ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬಿಸಿನೀರಿನಲ್ಲಿ ನೆನೆಸುವ ಹಂತಕ್ಕೆ, ನಟ್ ಹಾಕುವುದನ್ನು ಮಾತ್ರ ಬೇರೆಯಾಗಿ ಮಾಡಲೇಬೇಕು.

ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರಿಗೆ ನನ್ನ ಲೆಕ್ಕ ಇದು: ಮ್ಯಾರಿಸ್ ಆಟರ್ ಮಾಲ್ಟ್ 3.6 ಕೆ.ಜಿ., ವಿಕ್ಟರಿ ಮಾಲ್ಟ್ 450 ಗ್ರಾಂ, ಕ್ರಿಸ್ಟಲ್ 60 ಮಾಲ್ಟ್ 340 ಗ್ರಾಂ, ಚಾಕೊಲೇಟ್ ಮಾಲ್ಟ್ 110 ಗ್ರಾಂ. ಮ್ಯಾಶ್ 67 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ. ಕುದಿ ಶುರುವಾದಾಗ ವಿಲ್ಯಾಮೆಟ್ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) 40 ಗ್ರಾಂ, ಆಮೇಲೆ ಹಾಪ್ಸ್ ಬೇಡ. ಯೀಸ್ಟ್ ಇಂಗ್ಲಿಷ್ ಬಗೆಯದ್ದು, 18–20 ಡಿಗ್ರಿಯಲ್ಲಿ. ಆರಂಭದ ಗ್ರಾವಿಟಿ (ಹುದುಗುವ ಮೊದಲು ನೀರಿಗೆ ಹೋಲಿಸಿದ ಸಾಂದ್ರತೆ) 1.052ರ ಆಸುಪಾಸು, ಆಲ್ಕೋಹಾಲ್ ಶೇ. 5ರ ಹತ್ತಿರ.

ಮೊದಲು ನಟ್ಟೇ ಇಲ್ಲದ ಜಾಡಿ. ಇದನ್ನು ಕುಡಿದು ನೋಡದೆ ಮುಂದೆ ಹೋಗಬೇಡಿ. ಇಂಗ್ಲೆಂಡಿನ ಟ್ಯಾಡ್‌ಕ್ಯಾಸ್ಟರ್‌ನಲ್ಲಿ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿ ಮಾಡುವ ಪ್ರಸಿದ್ಧ ನಟ್ ಬ್ರೌನ್ ಏಲ್‌ನಲ್ಲಿ ನಟ್ ಇರುವುದಿಲ್ಲ. ಆ ರುಚಿ ಪೂರ್ತಿ ಮಾಲ್ಟಿನಿಂದ ಬರುವಂಥದ್ದು. ವಿಕ್ಟರಿ ಮಾಲ್ಟಿನ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿದು ನೋಡಿ, ಹುರಿಗಡಲೆ ತಿಂದ ಹಾಗೇ ಇರುತ್ತದೆ. ನನ್ನ ಈ ಜಾಡಿಯನ್ನು ಕುಡಿದ ಗೆಳೆಯರು "ಇದರಲ್ಲಿ ಏನೋ ನಟ್ ಇದೆ ಅಲ್ವಾ?" ಅಂತಲೇ ಕೇಳಿದರು. ಬ್ರೌನ್ ಏಲ್‌ನ ತಳಪಾಯ ಇದು. ತಳಪಾಯ ಚೆನ್ನಾಗಿಲ್ಲದಿದ್ದರೆ ಮೇಲೆ ಎಷ್ಟು ನಟ್ ಸುರಿದರೂ ಪ್ರಯೋಜನವಿಲ್ಲ.

ಮ್ಯಾಶ್‌ಗೆ ಹಾಕುವುದು ಕೇಳಲಿಕ್ಕೆ ಸುಲಭ. ಹುರಿದ ಹೇಜಲ್‌ನಟ್ಟನ್ನು ತರಿತರಿಯಾಗಿ ಕುಟ್ಟಿ ಮಾಲ್ಟಿನ ಜೊತೆಗೇ ಬಿಸಿನೀರಿಗೆ ಹಾಕಿದರಾಯಿತು. ಎಣ್ಣೆಯಲ್ಲಿ ಸುಮಾರು ಪಾಲು ಕಾಳಿನ ಹಾಸಿಗೆಯಲ್ಲೇ ಉಳಿದುಬಿಡುತ್ತದೆ, ಹಾಗಾಗಿ ನೊರೆ ಅಷ್ಟೇನೂ ಕೆಡಲಿಲ್ಲ. ಬಿಯರಿಗೆ ಮೈ ಬಂತು, ನಾಲಿಗೆಗೆ ನುಣುಪು ಬಂತು. ಆದರೆ ಘಮ? ಒಂದು ಗಂಟೆಯ ಕುದಿತ, ಆಮೇಲೆ ಯೀಸ್ಟ್ ಎಬ್ಬಿಸುವ ಗ್ಯಾಸ್. ಎರಡೂ ಸೇರಿ ಅದನ್ನು ಹೊತ್ತುಕೊಂಡು ಹೋಗುತ್ತವೆ. ಬ್ರೂಯಿಂಗ್ ಮಾಡುವ ದಿನ ಅಡುಗೆಮನೆ ತುಂಬ ಪರಿಮಳ, ಲೋಟದಲ್ಲಿ ಅದರ ನೆನಪು ಮಾತ್ರ.

ಹುದುಗಿದ ಮೇಲೆ ಜಾಡಿಗೆ ನೇರವಾಗಿ ನಟ್ ಹಾಕುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಹೇಜಲ್‌ನಟ್ಟಿನ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆಯೇ. ನೊರೆ ನಿಲ್ಲುವುದು ಮಾಲ್ಟಿನ ಪ್ರೋಟೀನ್ ಗುಳ್ಳೆಯ ಸುತ್ತ ಕಟ್ಟುವ ಪೊರೆಯಿಂದ. ಎಣ್ಣೆ ತಾಗಿದರೆ ಆ ಪೊರೆ ಹರಿದುಹೋಗುತ್ತದೆ. ಲೋಟಕ್ಕೆ ಸುರಿದಾಗ ನೊರೆ ಎದ್ದಿತು, ನೋಡನೋಡುತ್ತಲೇ ಇಳಿದು ಅಂಚಿನಲ್ಲಿ ಒಂದು ಗೆರೆ ಉಳಿಯಿತು. ಸಿಪ್ಪೆ ಸರಿಯಾಗಿ ತೆಗೆಯದಿದ್ದರೆ ಒಗರೂ ಸೇರಿಕೊಳ್ಳುತ್ತದೆ. ಇನ್ನೂ ಬೇಸರದ ವಿಷಯ ಅಂದರೆ ಬಾಟಲಿಯಲ್ಲಿ ಇಟ್ಟಷ್ಟೂ ಆ ಎಣ್ಣೆ ಹಳಸಿ ಕಮಟು ವಾಸನೆ ಬರುತ್ತದೆ. ತಾಜಾ ಇದ್ದಾಗ ಇದರ ರುಚಿ ಚೆನ್ನಾಗಿತ್ತು ಅನ್ನೋದು ನಿಜ. ಆದರೆ ಆ ಚೆಲುವು ಬಹಳ ದಿನ ಬಾಳುವುದಿಲ್ಲ.

ಬ್ರೂಯಿಂಗ್ ಅಂಗಡಿಯ ಬಾಟಲಿ ಎಸೆನ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಣ್ಣೆಯ ಕಾಟವಿಲ್ಲ, ನೊರೆ ಗಟ್ಟಿ, ಕೆಲಸ ಎರಡು ನಿಮಿಷದ್ದು. ಆದರೆ ಕಾಫಿ ಅಂಗಡಿಯ ಸಿರಪ್ಪಿನ ವಾಸನೆ ಮುಂದೆ ಬಂದು ಮಾಲ್ಟ್ ಹಿಂದೆ ಸರಿಯುತ್ತದೆ.

ನನ್ನ ಮತ ವೋಡ್ಕಾ ದಾರಿಗೆ. ಕೆಲಸ ಜಾಸ್ತಿ, ಆದರೆ ಸಿಗುವುದು ನಿಜವಾದ ಹುರಿದ ನಟ್ಟಿನ ಘಮ. 150 ಗ್ರಾಂ ಹೇಜಲ್‌ನಟ್ಟನ್ನು ಓವನ್‌ನಲ್ಲಿ 175 ಡಿಗ್ರಿಗೆ ಹತ್ತು-ಹನ್ನೆರಡು ನಿಮಿಷ ಹುರಿಯಿರಿ. ಬಿಸಿ ಇರುವಾಗಲೇ ಒರಟು ಬಟ್ಟೆಯಲ್ಲಿ ಸುತ್ತಿ ಉಜ್ಜಿದರೆ ಸಿಪ್ಪೆ ಉದುರುತ್ತದೆ. ಅಲ್ಲಲ್ಲಿ ಅಂಟಿಕೊಂಡ ಚೂರು ಉಳಿದರೆ ತಲೆ ಕೆಡಿಸಿಕೊಳ್ಳಬೇಡಿ. ತರಿತರಿಯಾಗಿ ಕುಟ್ಟಿ ಇನ್ನೊಮ್ಮೆ ಐದು ನಿಮಿಷ ಹುರಿದು, ಕಾಗದದ ಟವೆಲ್ ಮೇಲೆ ಹರಡಿ ಒತ್ತಿ. ಕಾಗದ ಎಣ್ಣೆ ಹೀರಿ ಪಾರದರ್ಶಕವಾಗುತ್ತದೆ. ಕಾಗದ ಬದಲಿಸುತ್ತಾ ಇದನ್ನು ಮತ್ತೆ ಮತ್ತೆ ಮಾಡಿ. ಆಮೇಲೆ 350 ಮಿ.ಲೀ. ಸಾದಾ ವೋಡ್ಕಾದಲ್ಲಿ ಒಂದು ವಾರ ನೆನೆಸಿ, ದಿನಕ್ಕೊಮ್ಮೆ ಅಲ್ಲಾಡಿಸಿ.

ಶೋಧಿಸಿದ ಮೇಲೆ ಫ್ರೀಜರ್‌ನಲ್ಲಿ ಇಡುವುದೇ ಇಲ್ಲಿನ ಗುಟ್ಟು. ಮನೆಯ ಫ್ರೀಜರಿಗೆ ವೋಡ್ಕಾ ಗಡ್ಡೆ ಕಟ್ಟುವುದಿಲ್ಲ, ಎಣ್ಣೆ ಮಾತ್ರ ಮೇಲೆ ಬಂದು ಮಂಜಾದ ಪದರವಾಗಿ ನಿಲ್ಲುತ್ತದೆ. ಅದನ್ನು ಚಮಚದಲ್ಲಿ ತೆಗೆದು, ಇನ್ನೂ ತಣ್ಣಗಿರುವಾಗಲೇ ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. ಕೆಳಗೆ ಇಳಿಯುವುದು ಜೇನಿನ ಬಣ್ಣದ ತಿಳಿ. ಒಂದು ತೊಟ್ಟು ಅಂಗೈಗೆ ಹಾಕಿ ಉಜ್ಜಿ ಮೂಸಿದರೆ ವೋಡ್ಕಾ ಹಾರಿಹೋಗಿ ನಟ್ ಉಳಿಯುತ್ತದೆ.

ಅಳತೆಯನ್ನು ಅಂದಾಜಿಗೆ ಬಿಡಬೇಡಿ. ನಾಲ್ಕು ಲೋಟದಲ್ಲಿ ತಲಾ 100 ಮಿ.ಲೀ. ಬಿಯರ್ ಹಾಕಿ, ಮಕ್ಕಳಿಗೆ ಔಷಧಿ ಕುಡಿಸುವ ಸಿರಿಂಜಿನಲ್ಲಿ ಅರ್ಧ, ಒಂದು, ಒಂದೂವರೆ, ಎರಡು ಮಿ.ಲೀ. ಬೆರೆಸಿ ರುಚಿ ನೋಡಿ. ನನಗೆ ಹಿಡಿಸಿದ್ದು ಒಂದು ಮಿ.ಲೀ. ಅಂದರೆ ಗ್ಯಾಲನ್ನಿಗೆ 38 ಮಿ.ಲೀ., ಬಾಟಲಿ ತುಂಬುವ ದಿನ ಗ್ಯಾಸ್ ಬರಲಿಕ್ಕೆ ಹಾಕುವ ಸಕ್ಕರೆಯ ಜೊತೆಗೆ. ನೊರೆ ನಟ್ಟಿಲ್ಲದ ಜಾಡಿಯದ್ದಕ್ಕಿಂತ ಕೊಂಚ ಕಡಿಮೆ, ಅಷ್ಟೇ. ಈ ಘಮ ಎರಡು ತಿಂಗಳಾದರೆ ಮಂಕಾಗುತ್ತದೆ, ಕೂಡಿಡುವ ಬಿಯರ್ ಇದಲ್ಲ. ಫ್ರಿಜ್‌ನಿಂದ ತೆಗೆದ ತಕ್ಷಣ ಕುಡಿದರೆ ಏನೂ ಗೊತ್ತಾಗುವುದಿಲ್ಲ, 10–12 ಡಿಗ್ರಿಗೆ ಬರುವವರೆಗೆ ಕಾಯಿರಿ.

ಯಾರಿಗೇ ಕೊಟ್ಟರೂ ಇದರಲ್ಲಿ ನಟ್ ಇದೆ ಅಂತ ಮೊದಲೇ ಹೇಳಿ, ಬಾಟಲಿ ಮೇಲೂ ಬರೆಯಿರಿ. ಎಣ್ಣೆ ತೆಗೆದರೂ ಅಲರ್ಜಿ ಇರುವವರಿಗೆ ಇದು ಅಪಾಯವೇ.

ಊರಿನಿಂದ ರೆಸಿಪಿ ಕೇಳುವವರಿಗೆ ಒಂದು ಮಾತು. ಅಮೆರಿಕದಲ್ಲಿ 1978ರ ಕಾನೂನಿನಿಂದಾಗಿ ಇಬ್ಬರು ದೊಡ್ಡವರಿರುವ ಮನೆಯವರು ವರ್ಷಕ್ಕೆ 200 ಗ್ಯಾಲನ್ ಬಿಯರನ್ನು ತೆರಿಗೆ ಇಲ್ಲದೆ ಸ್ವಂತಕ್ಕೆ ಮಾಡಿಕೊಳ್ಳಬಹುದು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಇಲ್ಲಿ ಅಮೆರಿಕದಲ್ಲಿರುವ ನಮ್ಮವರು ಹೇಜಲ್‌ನಟ್ ಬದಲು ಕಡಲೆಕಾಯಿ ಹಾಕಬೇಕೆಂದಿದ್ದರೆ, ಇಡೀ ಬೀಜ ಬೇಡ. ಎಣ್ಣೆ ಹಿಂಡಿ ತೆಗೆದ ಕಡಲೆಕಾಯಿ ಪುಡಿ ಅಂಗಡಿಯಲ್ಲೇ ಸಿಗುತ್ತದೆ, ಅದರಲ್ಲಿ ಸಕ್ಕರೆ, ಉಪ್ಪು ಬೆರೆಸಿಲ್ಲದ್ದನ್ನು ನೋಡಿ ತನ್ನಿ.