ಸೆರಾಮಿಕ್ ಬ್ರೇಕೋ, ಉಕ್ಕಿನ ಬ್ರೇಕೋ? ಎರಡನ್ನೂ ವರ್ಷಗಟ್ಟಲೆ ಬಳಸಿದ ಮೇಲೆ

ಪೋರ್ಷೆ ಜಿಟಿ ಕಾರು, ಅಂದರೆ ಟ್ರ್ಯಾಕಿಗೂ ಒಯ್ಯಬಹುದಾದ ರಸ್ತೆ ಕಾರು ಕೊಳ್ಳಲು ಹೊರಟವರಿಗೆ ಜಾಸ್ತಿ ತಲೆನೋವು ಕೊಡುವುದು ಬಣ್ಣವೂ ಅಲ್ಲ, ಸೀಟೂ ಅಲ್ಲ, ಬ್ರೇಕು. ಕೆಂಪು ಕ್ಯಾಲಿಪರಿನ ಉಕ್ಕಿನ ಬ್ರೇಕು ಕಾರಿನ ಜೊತೆಗೇ ಬರುತ್ತದೆ. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪ್ಯಾಡಿನಿಂದ ಅದುಮಿ ಹಿಡಿಯುವ ಭಾಗವೇ ಕ್ಯಾಲಿಪರ್. ಹಳದಿ ಕ್ಯಾಲಿಪರಿನ ಸೆರಾಮಿಕ್ ಬ್ರೇಕು ಬೇಕೆಂದರೆ ಇಲ್ಲಿ ಜರ್ಮನಿಯಲ್ಲಿ ಹಲವು ಸಾವಿರ ಯೂರೊ ಜಾಸ್ತಿ ಕೊಡಬೇಕು. ನಾನಿರುವುದು ಫ್ರಾಂಕ್‌ಫರ್ಟ್ ಹತ್ತಿರ. ಮೊದಲು ನನ್ನ ಹತ್ತಿರ ಸೆರಾಮಿಕ್ ಬ್ರೇಕಿನ ಕೇಮನ್ ಜಿಟಿ4 ಇತ್ತು, 981 ಪೀಳಿಗೆಯದು. ಅದನ್ನು ಮಾರಿ ಈಗ ಉಕ್ಕಿನ ಬ್ರೇಕಿನ 911 ಜಿಟಿ3 ಓಡಿಸುತ್ತಿದ್ದೇನೆ, 991.2 ಪೀಳಿಗೆಯದು. ಎರಡೂ ಕಾರು ಆಫೀಸಿನ ದಾರಿ ನೋಡಿವೆ, ಆಟೊಬಾನ್ ಹೆದ್ದಾರಿ ನೋಡಿವೆ, ಹಾಕೆನ್‌ಹೈಮ್ ಮತ್ತು ನಾರ್ಡ್‌ಶ್ಲೈಫೆ ರೇಸ್ ಟ್ರ್ಯಾಕುಗಳಲ್ಲೂ ಬೆವರಿವೆ.

ಮೊದಲೇ ಹೇಳಿಬಿಡುತ್ತೇನೆ. ಯಾವುದು ಬೇಗ ನಿಲ್ಲಿಸುತ್ತದೆ ಅಂತ ಕೇಳಿಕೊಂಡು ಕೂತರೆ ತೀರ್ಮಾನ ಆಗುವುದೇ ಇಲ್ಲ. ಕಾರನ್ನು ಕೊನೆಗೆ ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಿನ ಹಿಡಿತ. ಟೈರು ಜಾರುವ ಹಂತಕ್ಕೆ ತಂದು, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಶುರು ಮಾಡಿಸುವಷ್ಟು ಬಲ ಎರಡೂ ಬ್ರೇಕಿಗೆ ಇದೆ. ಜೋರಾಗಿ ಒಂದು ಸಲ ತುಳಿದರೆ ಎರಡರ ನಡುವೆ ನಾನಂತೂ ವ್ಯತ್ಯಾಸ ಹುಡುಕಲಾರೆ. ವ್ಯತ್ಯಾಸ ಇರುವುದು ಮತ್ತೆ ಮತ್ತೆ ತುಳಿದಾಗ, ಡಿಸ್ಕ್ ಸವೆದಾಗ, ಬಿಲ್ಲು ಕೈಗೆ ಬಂದಾಗ.

ಹಾಕೆನ್‌ಹೈಮ್ ಟ್ರ್ಯಾಕನ್ನೇ ತಗೊಳ್ಳಿ. ಒಂದು ಸುತ್ತು 4.574 ಕಿ.ಮೀ. ಪಾರಾಬೋಲಿಕಾ ಅನ್ನೋ ಉದ್ದದ ಎಡತಿರುವು ಮುಗಿಯುವ ಹೊತ್ತಿಗೆ ಕಾರು ಗಂಟೆಗೆ 240 ಕಿ.ಮೀ. ಆಸುಪಾಸಿನಲ್ಲಿರುತ್ತದೆ. ಅಲ್ಲಿಂದ ಹೇರ್‌ಪಿನ್ ತಿರುವಿಗೆ 65ಕ್ಕೆ ಇಳಿಸಬೇಕು. ನಾನೂ ಸೇರಿ ಕಾರಿನ ತೂಕ 1,500 ಕೆ.ಜಿ. ಅಂದುಕೊಂಡರೆ, ಆ ಒಂದು ಬ್ರೇಕಿನಲ್ಲಿ ಕಳೆಯಬೇಕಾದ ಶಕ್ತಿ ಸುಮಾರು 3 ಮೆಗಾಜೌಲ್. 25 ಡಿಗ್ರಿಯಲ್ಲಿರುವ 10 ಲೀಟರಿನಷ್ಟು ನೀರನ್ನು ಕುದಿಯುವ ಹಂತಕ್ಕೆ ತರಲು ಹತ್ತಿರ ಹತ್ತಿರ ಇಷ್ಟೇ ಬೇಕು. ಗಾಳಿಯ ತಡೆ ತಿನ್ನುವ ಪಾಲನ್ನು ಬಿಟ್ಟರೆ ಉಳಿದದ್ದೆಲ್ಲ ಕೆಲವೇ ಸೆಕೆಂಡಿನಲ್ಲಿ ನಾಲ್ಕು ಡಿಸ್ಕಿನೊಳಗೆ ಬಿಸಿಯಾಗಿ ಇಳಿಯುತ್ತದೆ. ಜಾಸ್ತಿ ಪಾಲು ಮುಂದಿನ ಎರಡಕ್ಕೆ. ಒಂದೆರಡು ನಿಮಿಷ ಬಿಟ್ಟು ಮತ್ತೆ ಅದೇ ತಿರುವು, ಅದೇ ಬ್ರೇಕು.

ಉಕ್ಕಿನ ಡಿಸ್ಕ್ ಅಂತ ಎಲ್ಲರೂ ಕರೆಯುವುದು ಬೀಡುಕಬ್ಬಿಣದ್ದು. ಭಾರ ಜಾಸ್ತಿ. ಆ ಭಾರವೇ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೆರಾಮಿಕ್ ಡಿಸ್ಕ್ ಅದರ ಅರ್ಧದಷ್ಟೇ ತೂಗುತ್ತದೆ, ಹಾಗಾಗಿ ಅಷ್ಟೇ ಶಕ್ತಿಗೆ ಅದರ ತಾಪಮಾನ ಇನ್ನೂ ಮೇಲೇರುತ್ತದೆ. ಅದಕ್ಕೇ ಅದನ್ನು ದೊಡ್ಡದಾಗಿ ಮಾಡುತ್ತಾರೆ. ನನ್ನ ಎರಡೂ ಮಾದರಿಗಳಲ್ಲಿ ಉಕ್ಕಿನದು ಮುಂದೆ ಹಿಂದೆ 380 ಮಿ.ಮೀ., ಸೆರಾಮಿಕ್ ಆದರೆ ಮುಂದೆ 410, ಹಿಂದೆ 390. ಸೆರಾಮಿಕ್ ಆ ಬಿಸಿಗೆ ಬಾಗುವುದಿಲ್ಲ, ಪೆಡಲ್ ಸುತ್ತಿನಿಂದ ಸುತ್ತಿಗೆ ಒಂದೇ ಥರ ಇರುತ್ತದೆ. ಟ್ರ್ಯಾಕಿನಲ್ಲಿ ಜಿಟಿ4 ಪೆಡಲ್ ನನಗೆ ಒಂದು ಸಲವೂ ಕೈಕೊಡಲಿಲ್ಲ. ಆದರೆ ಡಿಸ್ಕ್ ತಡೆದುಕೊಂಡ ಮಾತ್ರಕ್ಕೆ ಬ್ರೇಕ್ ಆಯಿಲ್ ತಡೆದುಕೊಳ್ಳುತ್ತದೆ ಅಂತಲ್ಲ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಟ್ರ್ಯಾಕಿಗೆ ಹೋಗುವವರು ಯಾವ ಡಿಸ್ಕ್ ಇದ್ದರೂ ಆಯಿಲ್ ವರ್ಷ ವರ್ಷ ಬದಲಿಸಬೇಕು. ಈ ವಿಷಯದಲ್ಲಿ ಜಿಪುಣತನ ಬೇಡವೇ ಬೇಡ.

ಸೆರಾಮಿಕ್ ಡಿಸ್ಕ್ ಮಾಡುವ ರೀತಿ ತಿಳಿದರೆ ಬೆಲೆ ಯಾಕೆ ಅಷ್ಟು ಅನ್ನುವುದೂ ತಿಳಿಯುತ್ತದೆ. ಕತ್ತರಿಸಿದ ಕಾರ್ಬನ್ ನಾರನ್ನು ರಾಳದ ಜೊತೆ ಬೆರೆಸಿ ಅಚ್ಚಿನಲ್ಲಿ ಒತ್ತುತ್ತಾರೆ. ಆಮ್ಲಜನಕ ಇಲ್ಲದ ಕುಲುಮೆಯಲ್ಲಿ ಸುಡುತ್ತಾರೆ. ಆಮೇಲೆ 1,400 ಡಿಗ್ರಿಗೂ ಮೀರಿದ ಬಿಸಿಯಲ್ಲಿ ಕರಗಿದ ಸಿಲಿಕಾನನ್ನು ಅದರೊಳಗೆ ಇಂಗಿಸುತ್ತಾರೆ. ಅದು ಕಾರ್ಬನ್ ಜೊತೆ ಸೇರಿ ಸಿಲಿಕಾನ್ ಕಾರ್ಬೈಡ್ ಆಗುತ್ತದೆ, ವಜ್ರದ ಹತ್ತಿರ ಹತ್ತಿರದ ಗಟ್ಟಿತನ. ಪೋರ್ಷೆ ಇದನ್ನು 2001ರಲ್ಲಿ 911 ಜಿಟಿ2 ಜೊತೆ ರಸ್ತೆಗೆ ತಂದಿತು. ಮೊದಲ ಪೀಳಿಗೆಯವು ಟ್ರ್ಯಾಕಿನಲ್ಲಿ ಬೇಗ ಸೋಲುತ್ತವೆ ಅನ್ನೋ ಹೆಸರು ಬಂತು. ಆಮೇಲೆ ತುಂಬಾ ಸುಧಾರಿಸಿದರೂ ಆ ಹಳೇ ಹೆಸರು ಇನ್ನೂ ಪೂರ್ತಿ ಹೋಗಿಲ್ಲ. ಫಾರ್ಮುಲಾ ಒನ್ ಕಾರಿನ ಡಿಸ್ಕ್ ಇದೇ ಅಂತ ಕೆಲವರು ಅಂದುಕೊಂಡಿದ್ದಾರೆ, ಅದು ಬೇರೆ. ಅಲ್ಲಿರುವುದು ಪೂರ್ತಿ ಕಾರ್ಬನ್, ತಣ್ಣಗಿದ್ದರೆ ಸರಿಯಾಗಿ ಹಿಡಿಯುವುದೇ ಇಲ್ಲ. ರಸ್ತೆ ಕಾರಿನ ಸೆರಾಮಿಕ್ ಜನವರಿಯ ಚಳಿಯ ಬೆಳಗ್ಗೆಯೂ ಮೊದಲ ಸಿಗ್ನಲ್ಲಿನಲ್ಲೇ ನಿಲ್ಲಿಸುತ್ತದೆ. ಮಳೆಯಲ್ಲಿ ಮಾತ್ರ ಡಿಸ್ಕ್ ನೆನೆದಿದ್ದರೆ ಮೊದಲ ತುಳಿತಕ್ಕೆ ಒಂದು ಕ್ಷಣ ತಡ ಅನ್ನಿಸುತ್ತದೆ. ಅಭ್ಯಾಸ ಆದ ಮೇಲೆ ನಾನು ಮಳೆಯಲ್ಲಿ ಆಗಾಗ ಮೆಲ್ಲಗೆ ಪೆಡಲ್ ಮುಟ್ಟಿ ಒರೆಸಿಕೊಂಡು ಹೋಗುತ್ತಿದ್ದೆ.

ದಿನದ ಬಳಕೆಯಲ್ಲಿ ಸೆರಾಮಿಕ್ ಕೊಡುವ ಸುಖ ನಿಜವಾದದ್ದು. ಬ್ರೇಕಿನ ಧೂಳಿಗೆ ಚಕ್ರ ಕಪ್ಪಾಗುವುದೇ ಇಲ್ಲ. ರಾತ್ರಿ ಮಳೆಗೆ ನಿಂತ ಜಿಟಿ3 ಬೆಳಗ್ಗೆ ನೋಡಿದರೆ ಡಿಸ್ಕಿನ ಮೇಲೆ ಕಿತ್ತಳೆ ಬಣ್ಣದ ತುಕ್ಕು ಹತ್ತಿರುತ್ತದೆ, ಎರಡು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ ನಿಜ, ಆದರೆ ಆ ಪುಡಿಯೆಲ್ಲ ಚಕ್ರದ ಮೇಲೇ ಕೂರುತ್ತದೆ. ಜಿಟಿ4ರಲ್ಲಿ ಈ ಗೋಳೇ ಇರಲಿಲ್ಲ. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಸೆರಾಮಿಕ್ಕಿಗೆ ಅದರದೂ ಲೆಕ್ಕವಿಲ್ಲ. ಇನ್ನು ತೂಕ. ಸ್ಪ್ರಿಂಗಿಗಿಂತ ಕೆಳಗಿರುವ ತೂಕ ಕಡಿಮೆಯಾದರೆ ಟೈರು ಹಳ್ಳದಿಬ್ಬವನ್ನು ಚೆನ್ನಾಗಿ ಅನುಸರಿಸುತ್ತದೆ. ಐಫೆಲ್ ಬೆಟ್ಟದ ಹಳ್ಳಿ ರಸ್ತೆಗಳಲ್ಲಿ ಜಿಟಿ4ರ ಸ್ಟೀರಿಂಗು ಹಗುರಾಗಿ, ಚುರುಕಾಗಿ ಮಾತಾಡುತ್ತಿತ್ತು. ಅದರಲ್ಲಿ ಬ್ರೇಕಿನ ಪಾಲು ಎಷ್ಟು, ಕಾರಿನ ಪಾಲು ಎಷ್ಟು ಅಂತ ಬೇರೆ ಮಾಡಿ ಹೇಳುವುದು ಕಷ್ಟ. ಆದರೂ ಸೆರಾಮಿಕ್ಕಿಗೆ ಕೊಟ್ಟ ಹಣದಲ್ಲಿ ನನಗೆ ಒಳ್ಳೆಯ ಪಾಲು ವಾಪಸ್ ಬಂದದ್ದು ಇಲ್ಲೇ ಅನ್ನಿಸುತ್ತದೆ.

ಹಾಗಿದ್ದರೂ ಎರಡನೇ ಸಲ ಉಕ್ಕನ್ನೇ ಯಾಕೆ ಆರಿಸಿದೆ? ಎರಡು ಘಟನೆ ಹೇಳುತ್ತೇನೆ.

ಒಂದು, ಟೈರು ಅಂಗಡಿಯಲ್ಲಿ ಆದದ್ದು. ಸೆರಾಮಿಕ್ ಇದ್ದರೆ ಚಕ್ರ ಬಿಚ್ಚುವ ಮೊದಲು ಬೋಲ್ಟ್ ಇರುವ ಜಾಗದಲ್ಲಿ ಉದ್ದನೆಯ ಗೈಡ್ ಪಿನ್ ತಿರುಗಿಸಿ ಹಾಕಬೇಕು. ಆಗ ಚಕ್ರ ಪಿನ್ನಿನ ಮೇಲೆ ನೆಟ್ಟಗೆ ಹೊರಗೆ ಬರುತ್ತದೆ, ಡಿಸ್ಕಿಗೆ ತಾಗುವುದಿಲ್ಲ. ಅಂಗಡಿಯವನಿಗೆ ಬಾಯಿಬಿಟ್ಟು ಹೇಳಿದ್ದೆ, ಪಿನ್ನನ್ನೂ ಕೈಗೆ ಕೊಟ್ಟಿದ್ದೆ. ಆತ ಹಾಕಲಿಲ್ಲ. ಚಕ್ರ ಓರೆಯಾಗಿ ಡಿಸ್ಕಿನ ಅಂಚಿಗೆ ಬಡಿದು ಅಕ್ಕಿಕಾಳಿನಷ್ಟು ಚೂರು ಎದ್ದುಬಂತು. ಅಂಚಿನ ಗಾಯಕ್ಕೆ ಕಂಪನಿಯ ಕೈಪಿಡಿಯಲ್ಲಿ ಒಂದು ಮಿತಿ ಇರುತ್ತದೆ. ಸರ್ವಿಸ್ ಸೆಂಟರಿನಲ್ಲಿ ಅಳೆದು ನೋಡಿ, ಮಿತಿಯೊಳಗೆ ಇದೆ, ಓಡಿಸಬಹುದು ಅಂದರು. ಮಿತಿ ದಾಟಿದ್ದರೆ ಒಂದು ಡಿಸ್ಕಿಗೆ ಹಲವು ಸಾವಿರ ಯೂರೊ. ಆಮೇಲಿಂದ ಚಕ್ರ ಬಿಚ್ಚುವಾಗಲೆಲ್ಲ ನಾನು ಅಲ್ಲೇ ನಿಂತಿರುತ್ತಿದ್ದೆ.

ಇನ್ನೊಂದು, ಡಿಸ್ಕನ್ನು ತಕ್ಕಡಿಗೆ ಹಾಕಿದ ದಿನ. ಉಕ್ಕಿನ ಡಿಸ್ಕ್ ಸವೆದರೆ ತೆಳ್ಳಗಾಗುತ್ತದೆ. ಕನಿಷ್ಠ ದಪ್ಪ ಎಷ್ಟು ಅಂತ ಡಿಸ್ಕಿನ ಮೇಲೇ ಕೊರೆದಿರುತ್ತಾರೆ, ಅಳತೆ ಸಾಧನ ಹಿಡಿದರೆ ಮುಗಿಯಿತು. ಸೆರಾಮಿಕ್ ಹಾಗಲ್ಲ. ಟ್ರ್ಯಾಕಿನ ಬಿಸಿಗೆ ಒಳಗಿರುವ ಕಾರ್ಬನ್ ನಾರು ಮೆಲ್ಲಗೆ ಸುಟ್ಟು ಹೋಗುತ್ತದೆ. ದಪ್ಪ ಹಾಗೇ ಕಾಣುತ್ತದೆ, ತೂಕ ಇಳಿದಿರುತ್ತದೆ. ಅದಕ್ಕೇ ಅದರ ಮೇಲೆ ಕನಿಷ್ಠ ತೂಕವನ್ನು ಗ್ರಾಮ್ ಲೆಕ್ಕದಲ್ಲಿ ಕೆತ್ತಿರುತ್ತಾರೆ. ಮುಂದಿನ ಎಡ ಡಿಸ್ಕನ್ನು ಬಿಚ್ಚಿ, ಒರೆಸಿ, ತಕ್ಕಡಿಯ ಮೇಲಿಟ್ಟಾಗ ಇನ್ನೂ ಮಿತಿಗಿಂತ ಮೇಲೇ ಇತ್ತು. ಆದರೆ ಹತ್ತಿರದಿಂದ ನೋಡಿದರೆ ಮೇಲ್ಮೈ ಅಲ್ಲಲ್ಲಿ ಒರಟಾಗಿತ್ತು, ನಾರಿನ ಎಳೆ ಇದ್ದ ಕಡೆ ಸಣ್ಣ ಸಣ್ಣ ಗುಳಿ ಬಿದ್ದಿದ್ದವು. ರಸ್ತೆಯಲ್ಲಿ ಮಾತ್ರ ಓಡಿಸಿದರೆ ಕಾರಿನ ಆಯುಸ್ಸಿನಷ್ಟೇ ಬರುತ್ತವೆ, ಹೀಗೆ ಟ್ರ್ಯಾಕಿಗೆ ಒಯ್ಯುತ್ತಿದ್ದರೆ ಬರುವುದಿಲ್ಲ ಅಂತ ಮೆಕ್ಯಾನಿಕ್ ನೇರವಾಗಿ ಹೇಳಿದರು. ನಾಲ್ಕೂ ಡಿಸ್ಕ್, ಪ್ಯಾಡ್ ಎಲ್ಲ ಬದಲಿಸಿದರೆ ಎಷ್ಟು ಅಂತ ಕೇಳಿದೆ. ಹೊಸ ಕಾರಿಗೆ ಸೆರಾಮಿಕ್ ಆಯ್ಕೆಗೆ ಕೊಡುವ ಹಣದ ಎರಡರಷ್ಟನ್ನೂ ಮೀರಿದ ಅಂದಾಜು ಬಂತು.

ಉಕ್ಕಿನ ಲೆಕ್ಕ ಬೇರೆಯೇ. ಟ್ರ್ಯಾಕಿನಲ್ಲಿ ಅದು ಸವೆಯುತ್ತದೆ, ಬೇಗ ಸವೆಯುತ್ತದೆ, ಅದರಲ್ಲಿ ಮುಚ್ಚುಮರೆ ಇಲ್ಲ. ಮೊದಲು ಕಾಣುವುದು ಬಿರುಕು. ಡಿಸ್ಕಿನಲ್ಲಿ ಕೊರೆದ ತೂತುಗಳ ಸುತ್ತ ಕೂದಲೆಳೆಯಂಥ ಗೆರೆ ಏಳುತ್ತವೆ. ಚಕ್ರ ಬಿಚ್ಚಿ, ಟಾರ್ಚ್ ಹಾಕಿ, ಉಗುರು ಎಳೆದು ನೋಡುತ್ತೇನೆ. ಉಗುರಿಗೆ ಸಿಗದ ಗೆರೆಯಾದರೆ ಸರಿ. ಉಗುರು ಸಿಕ್ಕಿಕೊಂಡರೆ ಹುಷಾರು. ಒಂದು ತೂತಿನ ಬಿರುಕು ಇನ್ನೊಂದನ್ನು ಮುಟ್ಟಿದರೆ, ಇಲ್ಲವೇ ಅಂಚಿಗೆ ಓಡಿದರೆ ಆ ಡಿಸ್ಕ್ ಅಲ್ಲಿಗೇ ಮುಗಿಯಿತು. ಇಷ್ಟನ್ನು ನಾನೇ ಗ್ಯಾರೇಜಿನಲ್ಲಿ ನೋಡಿಕೊಳ್ಳಬಹುದು, ತಕ್ಕಡಿ ಬೇಡ, ವಿಶೇಷ ಯಂತ್ರ ಬೇಡ. ಮುಂದಿನ ಜೋಡಿ ಬದಲಿಸಿದರೂ ಸೆರಾಮಿಕ್ಕಿನ ಒಂದೇ ಡಿಸ್ಕಿನ ಬೆಲೆಗಿಂತ ಕಡಿಮೆ. ಪ್ಯಾಡಿನಲ್ಲೂ ಆಯ್ಕೆ ಜಾಸ್ತಿ. ಸೆರಾಮಿಕ್ಕಿಗೆ ಅದಕ್ಕೆಂದೇ ಮಾಡಿದ ಪ್ಯಾಡೇ ಬೇಕು.

ಪೋರ್ಷೆಯವರು ತಮ್ಮ ರೇಸಿಂಗಿನಲ್ಲಿ ಏನು ಹಾಕುತ್ತಾರೆ ಅನ್ನುವುದೂ ನನ್ನ ಕಣ್ಣಿಗೆ ಬಿತ್ತು. 2013ರಲ್ಲಿ ಬಂದ 991 ಪೀಳಿಗೆಯ ಜಿಟಿ3 ಕಪ್ ಕಾರಿನಲ್ಲಿ ಇರುವುದು 380 ಮಿ.ಮೀ. ಉಕ್ಕಿನ ಡಿಸ್ಕ್. ವಾರಾಂತ್ಯಕ್ಕೊಮ್ಮೆ ಸವೆಸಿ ಬದಲಿಸುವ ಕೆಲಸಕ್ಕೆ ಉಕ್ಕೇ ಸರಿ ಅಂತ ತಾನೇ ಅದರ ಅರ್ಥ?

ನಾರ್ಡ್‌ಶ್ಲೈಫೆಗೆ ಮಾತ್ರ ಹೋಗುವವರಿಗೆ ಇಷ್ಟು ಬಿಗಿಯಾಗಿ ಹೇಳಲಾರೆ. 20.832 ಕಿ.ಮೀ. ಉದ್ದದ ಆ ಸುತ್ತಿನಲ್ಲಿ ಅರೆಂಬರ್ಗ್ ಮತ್ತು ಅಡೆನಾವರ್ ಫಾರ್ಸ್ಟ್‌ ತಿರುವುಗಳ ಮುಂದೆ ಬ್ರೇಕಿಗೆ ಚೆನ್ನಾಗಿ ಕೆಲಸ ಬೀಳುತ್ತದೆ. ಆದರೆ ಕೊನೆಗೆ ಡ್ಯೋಟಿಂಗರ್ ಹ್ಯೋಹೆಯ ಉದ್ದನೆಯ ನೇರ ರಸ್ತೆಯಲ್ಲಿ ಗಾಳಿ ಸಿಗುತ್ತದೆ. ಸಾರ್ವಜನಿಕರಿಗೆ ಬಿಡುವ ದಿನಗಳಲ್ಲಿ ಪ್ರತಿ ಸುತ್ತು ಮುಗಿದ ಮೇಲೂ ಹೊರಗೆ ಬರಲೇಬೇಕು. ಹಾಕೆನ್‌ಹೈಮ್‌ನಲ್ಲಿ ಬಿಡುವಿಲ್ಲದೆ ಸುತ್ತು ಹಾಕುವುದೇ ಬ್ರೇಕಿಗೆ ಹೆಚ್ಚು ಕಷ್ಟ. ಎಲ್ಲಿಗೇ ಹೋದರೂ ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸಿ. ನಿಲ್ಲಿಸಿದ ಮೇಲೆ ಗೇರಿನಲ್ಲಿ ಬಿಡಿ, ಹ್ಯಾಂಡ್‌ಬ್ರೇಕ್ ಎಳೆಯಬೇಡಿ.

ಇವೆರಡರ ನಡುವಿನ ದಾರಿಯೂ ಒಂದಿದೆ. ಕಬ್ಬಿಣದ ಡಿಸ್ಕಿನ ಮೇಲೆ ಟಂಗ್‌ಸ್ಟನ್ ಕಾರ್ಬೈಡ್ ಲೇಪ, ಬಿಳಿ ಕ್ಯಾಲಿಪರ್. 2017ರಲ್ಲಿ ಪೋರ್ಷೆಯ ಹೊಸ ಕಯೆನ್ ಕಾರಿನ ಜೊತೆ ಬಂತು. ಧೂಳು ಶೇ. 90ರಷ್ಟು ಕಡಿಮೆ ಅಂತ ಕಂಪನಿ ಹೇಳುತ್ತದೆ. 2024ರಲ್ಲಿ ಒಪ್ಪಿಗೆಯಾದ ಯುರೋಪಿನ ಯೂರೊ 7 ನಿಯಮ ಮೊದಲ ಸಲ ಬ್ರೇಕಿನ ಧೂಳಿಗೂ ಮಿತಿ ಹಾಕಿದೆ, ಹಾಗಾಗಿ ಇಂಥವು ಇನ್ನೂ ಬರುತ್ತವೆ. ಜಿಟಿ3ಗೆ ಮಾತ್ರ ಇದು ಸಿಗುವುದಿಲ್ಲ.

ಹೋದ ವರ್ಷ ಬೆಂಗಳೂರಿನ ಗೆಳೆಯ ಫೋನ್ ಮಾಡಿದ್ದ. "ಸೆಕೆಂಡ್ ಹ್ಯಾಂಡ್ 911 ಒಂದು ಸಿಕ್ಕಿದೆ ಕಣೋ, ಹಳದಿ ಕ್ಯಾಲಿಪರ್. ತಗೊಳ್ಲಾ, ಬಿಡ್ಲಾ?" ತಗೋ ಅಂದೆ. ಅವನು ಓಡಿಸುವುದು ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ಕಡೆಗೆ, ಉಳಿದ ದಿನ ಕಾರು ಬೇಸ್‌ಮೆಂಟಿನಲ್ಲಿ ನಿಂತಿರುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತರೂ ತುಕ್ಕು ಹಿಡಿಯದ ಡಿಸ್ಕ್ ಅವನಿಗೆ ಹೇಳಿ ಮಾಡಿಸಿದ್ದು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ತಿಂಗಳು ತಿಂಗಳು ಹೋಗುವ ಪ್ಲಾನ್ ಇದ್ದಿದ್ದರೆ ಬೇಡ ಅನ್ನುತ್ತಿದ್ದೆ. ಹಣ ಕೊಡುವ ಮೊದಲು ಮೂರು ಕೆಲಸ ಹೇಳಿದೆ. ನಾಲ್ಕೂ ಚಕ್ರ ಬಿಚ್ಚಿಸಿ ಡಿಸ್ಕಿನ ಅಂಚು ಪೂರ್ತಿ ಸುತ್ತಿ ನೋಡು. ಡಿಸ್ಕನ್ನು ತೂಗಿಸಿ ಕೆತ್ತಿದ ಕನಿಷ್ಠ ತೂಕದ ಜೊತೆ ಹೋಲಿಸು. ಪಂಕ್ಚರ್ ಆದರೆ ರಸ್ತೆ ಬದಿಯ ಅಂಗಡಿಯವರ ಕೈಗೆ ಚಕ್ರ ಕೊಡಬೇಡ, ಗೈಡ್ ಪಿನ್ ಯಾವಾಗಲೂ ಕಾರಿನಲ್ಲೇ ಇರಲಿ. ತೂಕ ಮಿತಿಗಿಂತ ಮೇಲಿತ್ತು, ಒಂದು ಅಂಚಿನಲ್ಲಿ ಸಣ್ಣ ಗಾಯ ಇತ್ತು. ಅದನ್ನೇ ತೋರಿಸಿ ಬೆಲೆ ಇಳಿಸಿಕೊಂಡು ಕಾರು ತಗೊಂಡ.

ನನ್ನ ಜಿಟಿ3ರ ಮುಂದಿನ ಡಿಸ್ಕಿನಲ್ಲಿ ಈಗ ಎರಡು ತೂತುಗಳ ನಡುವಿನ ಬಿರುಕು ಉಗುರಿಗೆ ಸಿಗುತ್ತಿದೆ. ಹೊಸ ಜೋಡಿ ಉಕ್ಕಿನ ಡಿಸ್ಕಿಗೆ, ಪ್ಯಾಡಿಗೆ ಆರ್ಡರ್ ಕೊಟ್ಟಿದ್ದೇನೆ. ಏಪ್ರಿಲ್‌ನಲ್ಲಿ ಹಾಕೆನ್‌ಹೈಮ್ ದಿನ ಇದೆ, ಅದಕ್ಕೆ ಮುಂಚೆ ಹಾಕಿಸಿ ಹಳ್ಳಿ ರಸ್ತೆಯಲ್ಲಿ ಓಡಿಸಿ ಪ್ಯಾಡನ್ನು ಹೊಸ ಡಿಸ್ಕಿಗೆ ಹೊಂದಿಕೊಳ್ಳುವಂತೆ ಕೂರಿಸಿಕೊಳ್ಳಬೇಕು.